ಚಾಲೂ ಮಾಡುವ ಮೊದಲೇ ನೀರು 36 ಡಿಗ್ರಿ

ರಾಯಚೂರಿನಲ್ಲಿ ಮದುವೆಗಳ ಕಾಲವೂ ಬಿಸಿಲಿನ ಕಾಲವೂ ಜೊತೆಯಾಗಿಯೇ ಬರುತ್ತವೆ. ಹೊರಗೆ 42, 43 ಡಿಗ್ರಿ ಕಾಯುತ್ತಿರುವಾಗಲೇ ನನ್ನ ಮೇಜಿನ ಮೇಲೆ ಹತ್ತು ಹನ್ನೆರಡು ಮದುವೆಗಳ ವಿಡಿಯೊ ಸಂಕಲನಕ್ಕಾಗಿ ಕಾದು ಕುಳಿತಿರುತ್ತದೆ. ತೀನ್ ಕಂದೀಲ್ ಬಳಿ ಮಹಡಿಯ ಮೇಲಿನ ಕೋಣೆ, ತಲೆಯ ಮೇಲೆ ಬರಿಯ ಆರ್‌ಸಿಸಿ ಛಾವಣಿ, ಎರಡು ಮೇಜು, ಒಂದು ಏರ್ ಕೂಲರ್. ಕಂಪ್ಯೂಟರಿನ ದೊಡ್ಡ ಟವರ್ ಕೇಸಿಗೆ ಅಲ್ಲಿ ಜಾಗವಿಲ್ಲ. ಮೇಲಾಗಿ, ಬೆಳಗಿನ ಮುಹೂರ್ತದ ತುಣುಕನ್ನು ಅಂದೇ ಸಂಜೆ ಆರತಕ್ಷತೆಯ ಪರದೆಯ ಮೇಲೆ ತೋರಿಸಿ ಎನ್ನುವ ಗ್ರಾಹಕರು ಹೆಚ್ಚುತ್ತಿದ್ದಾರೆ. ಯಂತ್ರವನ್ನು ಕಲ್ಯಾಣಮಂಟಪಕ್ಕೇ ಹೊತ್ತೊಯ್ಯಬೇಕು. ಹೀಗಾಗಿ ಚಿಕ್ಕ ಮದರ್‌ಬೋರ್ಡಿಗೆಂದೇ ಮಾಡಿದ, ಹದಿನೆಂಟು ಲೀಟರ್ ಗಾತ್ರದ ಮಿನಿ ಐಟಿಎಕ್ಸ್ ಕೇಸು. ಅದರೊಳಗೆ ರೈಜನ್ 7 5800ಎಕ್ಸ್ ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಕಾರ್ಡ್.

ಡಿಸೆಂಬರಿನಲ್ಲಿ ಈ ಜೋಡಿ ಚೆನ್ನಾಗಿಯೇ ಸಂಸಾರ ಮಾಡಿತು. ಏಪ್ರಿಲ್ ಬಂದೊಡನೆ ಪ್ರೊಸೆಸರ್ ತನ್ನ ಮಿತಿಯಾದ 90 ಡಿಗ್ರಿ ಮುಟ್ಟಿ ವೇಗ ಇಳಿಸತೊಡಗಿತು. ಕಾರ್ಡಿನ ಫ್ಯಾನುಗಳ ಕಿರುಚಾಟಕ್ಕೆ ಮಂಗಳವಾದ್ಯದ ಧ್ವನಿಯನ್ನು ಹದಗೊಳಿಸಲು ಹೆಡ್‌ಫೋನ್ ಹಾಕಿಕೊಂಡರೂ ಆಗುತ್ತಿರಲಿಲ್ಲ. ಚಳಿಗಾಲದಲ್ಲಿ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿದ್ದ ಕೆಲಸಕ್ಕೆ ಅರ್ಧ ತಾಸು ಬೇಕಾಯಿತು. ನೀರಿನಿಂದ ತಂಪು ಮಾಡುವ ಯೋಚನೆ ಬಂದದ್ದು ಆಗ.

ಮೊದಲ ಎರಡು ವಾರ ನಾನು ಮಾಡಿದ್ದು ತಪ್ಪು ದಾರಿಯ ತಯಾರಿ. ಬೇರೆ ದೇಶದವರು ಕಟ್ಟಿದ ಯಂತ್ರಗಳ ವಿಡಿಯೊ ನೋಡಿ ಸಾಮಾನಿನ ಪಟ್ಟಿ ಬರೆದೆ. ಅವರ ಲೂಪಿನಲ್ಲಿ, ಅಂದರೆ ಚಿಪ್‌ನಿಂದ ರೇಡಿಯೇಟರಿಗೆ ಸುತ್ತುವ ಕೊಳವೆಯಲ್ಲಿ, ನೀರು 32 ಡಿಗ್ರಿ, ಕಾರ್ಡು 45 ಡಿಗ್ರಿ. ಆಹಾ ಎಂದುಕೊಂಡೆ. ಅವರ ಕೋಣೆಯೇ 21 ಡಿಗ್ರಿ ಇತ್ತು ಎಂಬುದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಮೇ ತಿಂಗಳ ಮಧ್ಯಾಹ್ನ ನನ್ನ ಕೋಣೆಯಲ್ಲಿ ಉಷ್ಣಮಾಪಕವಿಟ್ಟು ನೋಡಿದೆ: 37. ಅಂದರೆ ಅವರ ನೀರು ಕೆಲಸ ಮಾಡಿ ದಣಿದು ತಲುಪುವ ಬಿಸಿಗಿಂತ ಹೆಚ್ಚಿನದನ್ನು ನನ್ನ ನೀರು ಸ್ವಿಚ್ ಒತ್ತುವ ಮೊದಲೇ ತಲುಪಿರುತ್ತದೆ.

ನೀರು ಹಾಕಿದರೆ ತಂಪಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಮಡಕೆಯಿಂದ ಬಂದದ್ದು. ಮಡಕೆಯ ನೀರು ತಣ್ಣಗಾಗುವುದು ಮಡಕೆ ಬೆವರುವುದರಿಂದ. ಆವಿಯಾಗುವ ನೀರು ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಥರ್ಮಲ್ ಸ್ಥಾವರಗಳ ಶೈತ್ಯಗೋಪುರದ ಗುಟ್ಟೂ ಅದೇ. ನನ್ನ ಲೂಪು ಮುಚ್ಚಿದ ಕೊಳವೆ, ಅದರ ನೀರು ಬೆವರುವಂತಿಲ್ಲ. ರೇಡಿಯೇಟರಿನ ಮೂಲಕ ಹಾಯುವ ಗಾಳಿಗಿಂತ ಒಂದು ಡಿಗ್ರಿಯೂ ಕೆಳಗಿಳಿಯಲು ಅದಕ್ಕೆ ಸಾಧ್ಯವಿಲ್ಲ. ನೀರು ಮಾಡುವುದು ಇಷ್ಟೇ: ಉಗುರಿನಗಲದ ಚಿಪ್‌ನ ಬಿಸಿಯನ್ನು ತಂದು ದೊಡ್ಡ ರೇಡಿಯೇಟರಿನ ಮೇಲೆ ಹರಡುತ್ತದೆ.

ಹಾಗಾಗಿ ಪಟ್ಟಿ ಹರಿದುಹಾಕಿ ಲೆಕ್ಕವನ್ನು ಕೋಣೆಯಿಂದ ಶುರು ಮಾಡಿದೆ. ಮೇಲಿನ ತುದಿಯಲ್ಲಿ ಒಂದು ಗೋಡೆ ಇದೆ. ನೀರು ಸುತ್ತಿಸಲು ನಾನು ಆರಿಸಿದ್ದ ಡಿ5 ಪಂಪಿಗೆ ನೀರಿನ ಗರಿಷ್ಠ ಉಷ್ಣತೆ 60 ಡಿಗ್ರಿ. ಅಂದವಾಗಿ ಕಾಣುವ ಗಟ್ಟಿ ಪಿಇಟಿಜಿ ಪ್ಲಾಸ್ಟಿಕ್ ಕೊಳವೆ ಅಷ್ಟು ಬಿಸಿಗೆ ಮೆತ್ತಗಾಗಿ, ಅದನ್ನು ಹಿಡಿದಿಡುವ ಫಿಟ್ಟಿಂಗಿನಿಂದ ಜಾರುವ ಅಪಾಯವಿದೆ. ಎಚ್ಚರಿಕೆಗೆ ಹತ್ತು ಡಿಗ್ರಿ ಬಿಟ್ಟರೆ ನೀರು 50 ದಾಟಬಾರದು. ಕೋಣೆ 37, ಗೋಡೆ 50. ನನಗೆ ಸಿಕ್ಕಿದ್ದು 13 ಡಿಗ್ರಿಯ ಓಣಿ. 21 ಡಿಗ್ರಿ ಕೋಣೆಯವನಿಗೆ ಅದು 29 ಡಿಗ್ರಿಯ ಹೆದ್ದಾರಿ. ಅವನು ಒಂದು ಸಣ್ಣ ರೇಡಿಯೇಟರಿನಲ್ಲಿ ದಕ್ಕಿಸಿಕೊಳ್ಳುವುದನ್ನು ನಾನು ದಕ್ಕಿಸಿಕೊಳ್ಳಲಾರೆ.

ಇನ್ನು ಬಿಸಿಯ ಲೆಕ್ಕ. ಪೂರ್ತಿ ದುಡಿದರೆ ಪ್ರೊಸೆಸರ್ 142 ವ್ಯಾಟ್, ಕಾರ್ಡು 220 ವ್ಯಾಟ್, ಪಂಪಿನದೂ ಸ್ವಲ್ಪ. ಒಟ್ಟು 380ರ ಆಸುಪಾಸು. ನೀರು ಗಾಳಿಗಿಂತ ಹತ್ತು ಡಿಗ್ರಿ ಮೇಲಿರಲಿ, ಫ್ಯಾನು ಸದ್ದು ಮಾಡದಿರಲಿ ಎಂದರೆ ನೂರು ವ್ಯಾಟಿಗೆ 120 ಮಿ.ಮೀ.ನ ಒಂದು ರೇಡಿಯೇಟರ್ ಭಾಗ ಬೇಕು ಎಂಬುದು ಈ ಹವ್ಯಾಸದವರು ಹೇಳುವ ಸ್ಥೂಲ ಲೆಕ್ಕ. ಅಂದರೆ ನಾಲ್ಕು ಭಾಗ. ನನ್ನ ಕೇಸಿನಲ್ಲಿ ಪಕ್ಕಕ್ಕೆ ಎರಡು ಫ್ಯಾನಿನ ಒಂದು 280, ತಳಕ್ಕೆ ಎರಡು ಫ್ಯಾನಿನದೇ ಒಂದು 240, ಎರಡೂ ತೆಳುವಾದವು. ಅದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಕಾಗದದ ಮೇಲೆ ಸರಿಯಾಗುತ್ತದೆ, ಆದರೆ ಜಾಲರಿಗೆ ಧೂಳು ಹತ್ತಿದ ದಿನಕ್ಕೆ ಉಳಿಕೆ ಏನೂ ಇಲ್ಲ.

ಈ ಹಂತದಲ್ಲಿ ತೆಗೆದುಕೊಂಡ ನಿರ್ಧಾರ ಬೇರೆಲ್ಲ ಸಾಮಾನಿಗಿಂತ ಹೆಚ್ಚು ಕೆಲಸಕ್ಕೆ ಬಂತು, ಮತ್ತು ಅದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ಪ್ರೊಸೆಸರನ್ನು ವಿದ್ಯುತ್ ಕಡಿಮೆ ಎಳೆಯುವ 65 ವ್ಯಾಟಿನ ಇಕೊ ಮೋಡ್‌ಗೆ ಹಾಕಿದೆ. ಹೆಸರು 65 ಆದರೂ ಅದು ನಿಜವಾಗಿ ಎಳೆಯುವ ಮಿತಿ 88 ವ್ಯಾಟ್. ಕಾರ್ಡಿನ ವೋಲ್ಟೇಜ್ ಇಳಿಸಿ 180 ವ್ಯಾಟಿನ ಹತ್ತಿರ ನಿಲ್ಲಿಸಿದೆ. ಒಟ್ಟು ಬಿಸಿ 285ಕ್ಕೆ ಇಳಿಯಿತು. ಸಂಕಲನದ ಕೆಲಸದಲ್ಲಿ ಕಳೆದುಕೊಂಡದ್ದು ನೂರಕ್ಕೆ ಐದಾರು ಭಾಗವಿರಬಹುದು. ಬಿಸಿಲಿಗೆ ಮೊದಲೇ ಅದರ ಹಲವು ಪಟ್ಟು ಕಳೆದುಕೊಳ್ಳುತ್ತಿದ್ದೆ. ಈ ಮಾತು ಕೇಳಿದ ಒಬ್ಬ ಗೆಳೆಯ, ಹಾಗಾದರೆ ನೀರಿನ ಗೊಡವೆಯೇ ಏಕೆ ಎಂದ. ಸರಿಯಾದ ಪ್ರಶ್ನೆಯೇ. ನಾನು ಅಷ್ಟರಲ್ಲಿ ಪಂಪು ತರಿಸಿಬಿಟ್ಟಿದ್ದೆ.

ಅಳತೆಯ ಬಗ್ಗೆ ಒಂದು ಮಾತು. 240, 280 ಎಂಬವು ರೇಡಿಯೇಟರಿಗೆ ಕೂರುವ ಫ್ಯಾನುಗಳ ಲೆಕ್ಕ, ರೇಡಿಯೇಟರಿನ ಉದ್ದವಲ್ಲ. ಎರಡು ತುದಿಯ ತೊಟ್ಟಿಗಳು ಸೇರಿದರೆ ಪ್ರತಿಯೊಂದೂ ಮೂವತ್ತು ನಲವತ್ತು ಮಿ.ಮೀ. ಬೆಳೆಯುತ್ತದೆ. ದಪ್ಪ 30, ಅದರ ಮೇಲೆ ಫ್ಯಾನು 25, ಒಟ್ಟು 55. ಸಣ್ಣ ಕೇಸಿನಲ್ಲಿ ಐದು ಮಿ.ಮೀ. ಎಂದರೆ ಗಡಿ ತಕರಾರು. ನಾನು ಮದುವೆ ಕಾರ್ಡಿನ ರಟ್ಟಿನ ಡಬ್ಬಿಗಳನ್ನು ಕತ್ತರಿಸಿ ರೇಡಿಯೇಟರ್, ಪಂಪು, ಚಿಪ್‌ಗಳ ಮೇಲೆ ಕೂತು ಬಿಸಿಯನ್ನು ನೀರಿಗೆ ದಾಟಿಸುವ ಲೋಹದ ಬ್ಲಾಕುಗಳ ಆಕೃತಿ ಮಾಡಿ ಕೇಸಿನೊಳಗೆ ಅಂಟಿಸಿ ನೋಡಿದೆ. ರಟ್ಟಿನಲ್ಲಿ ತಿಳಿದದ್ದು: ತಳದಲ್ಲಿ 25 ಮಿ.ಮೀ. ಫ್ಯಾನು ಕೂರದು, 15 ಮಿ.ಮೀ.ನ ತೆಳು ಫ್ಯಾನೇ ಬೇಕು. ಆದರೆ ಕೊಳವೆಯ ಬಾಗನ್ನು ರಟ್ಟು ಹೇಳಿಕೊಡಲಿಲ್ಲ. ಎಂಟು ಫಿಟ್ಟಿಂಗ್ ಸಾಕೆಂದುಕೊಂಡಿದ್ದವನು ಮೊಣಕೈ ಆಕಾರದವೂ ಸೇರಿ ಹದಿನಾಲ್ಕು ತರಿಸಬೇಕಾಯಿತು. ಒಟ್ಟು ಖರ್ಚು ಐವತ್ತು ಸಾವಿರ ದಾಟಿದ್ದಕ್ಕೆ ಬ್ಲಾಕುಗಳಿಗಿಂತ ಈ ಹಿತ್ತಾಳೆ ಬಿಲ್ಲೆಗಳೇ ದೊಡ್ಡ ಕಾರಣ.

ಲೂಪಿನಲ್ಲಿ ನೀರು ಯಾವುದರ ನಂತರ ಯಾವುದಕ್ಕೆ ಹೋಗಬೇಕು ಎಂದು ನಾನು ಮೂರು ರಾತ್ರಿ ತಲೆಕೆಡಿಸಿಕೊಂಡದ್ದು ವ್ಯರ್ಥ. ನಿಮಿಷಕ್ಕೆ ಒಂದು ಲೀಟರ್ ಹರಿಯುವ ನೀರು ಸುಮಾರು 70 ವ್ಯಾಟ್ ಬಿಸಿಯನ್ನು ಒಂದೇ ಡಿಗ್ರಿ ಏರಿ ಹೊತ್ತುಕೊಳ್ಳುತ್ತದೆ. ಮೂರು ಲೀಟರ್ ಹರಿದರೆ ನನ್ನ 285 ವ್ಯಾಟಿಗೆ ಇಡೀ ಸುತ್ತಿನಲ್ಲಿ ಏರುವುದು ಒಂದೂವರೆ ಡಿಗ್ರಿಗಿಂತ ಕಡಿಮೆ. ಪ್ರೊಸೆಸರ್ ಮೊದಲೋ ಕಾರ್ಡು ಮೊದಲೋ, ವ್ಯತ್ಯಾಸವೇ ಇಲ್ಲ. ಕೊಳವೆಗೆ ಸುಲಭವಾದ ದಾರಿಯೇ ಸರಿಯಾದ ದಾರಿ. ನೀರಿನ ತೊಟ್ಟಿಯೊಂದು ಮಾತ್ರ ಪಂಪಿನ ಮೊದಲಿಗೆ, ಅದಕ್ಕಿಂತ ಎತ್ತರದಲ್ಲಿರಬೇಕು. ಪಂಪು ಒಣಗಿ ತಿರುಗಿದರೆ ಬೇಗ ಸಾಯುತ್ತದೆ. ಕೊಳವೆಗೆ ಅಂದ ಬಿಟ್ಟು ಕಪ್ಪು ಇಪಿಡಿಎಂ ರಬ್ಬರ್ ಆರಿಸಿದೆ, ಬಿಸಿಗೆ ಅದು ಜಗ್ಗುವುದಿಲ್ಲ. ಲೋಹವೆಲ್ಲ ತಾಮ್ರ, ಹಿತ್ತಾಳೆ, ನಿಕಲ್ ಲೇಪ. ಅಗ್ಗದ ಅಲ್ಯೂಮಿನಿಯಂ ರೇಡಿಯೇಟರ್ ಸೇರಿಸಿದರೆ ಒಂದೇ ನೀರಿನಲ್ಲಿ ತಾಮ್ರದ ಜೊತೆ ಕೂತು ಅಲ್ಯೂಮಿನಿಯಂ ಸವೆಯತೊಡಗುತ್ತದೆ.

ಹಿತ್ತಾಳೆಯ ವಿಷಯ ಬಂತಲ್ಲ, ನನ್ನ ಜಾಣತನದ ಕಥೆ ಹೇಳಿಬಿಡುತ್ತೇನೆ. ಈ ಸಾಮಾನುಗಳ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಎಲ್ಲವೂ ‘ಜಿ ಕಾಲು ಇಂಚು’ ಎಂಬ ಅಳತೆಯದು. ಅದು ಕೊಳಾಯಿಯವರು ಬಳಸುವ ಬಿಎಸ್‌ಪಿ ಎಂಬ ಬ್ರಿಟಿಷ್ ಪೈಪು ಅಳತೆಯ ಮರೆಯ ಕುಟುಂಬವೇ. ಕಾಲು ಇಂಚು ಎಂದು ಹೆಸರು, ಅಳೆದರೆ ಹೊರವ್ಯಾಸ 13 ಮಿ.ಮೀ.ಗಿಂತ ತುಸು ಹೆಚ್ಚು. ನೀರು ಬಸಿಯಲು ಒಂದು ನಲ್ಲಿ ಬೇಕಿತ್ತು. ಕಂಪ್ಯೂಟರಿನದು ಎಂದರೆ ಸಾವಿರದ ಮೇಲೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲು ಇಂಚಿನ ಹಿತ್ತಾಳೆ ನಲ್ಲಿ ನೂರರ ಒಳಗೆ ಸಿಕ್ಕಿತು. ಮನೆಗೆ ಬಂದು ಪಂಪಿನ ಅಕ್ರಿಲಿಕ್ ಮುಚ್ಚಳಕ್ಕೆ ತಿರುಗಿಸಿದೆ. ಮೂರು ಸುತ್ತು ಹೋಗಿ ಬಿಗಿಯಾಯಿತು. ಇನ್ನೊಂದು ಸುತ್ತು ಎಂದೆ. ಟಪ್ ಎಂದಿತು. ಮರೆಯಿಂದ ಅಂಚಿನವರೆಗೆ ಕೂದಲಿನಂಥ ಬಿರುಕು, ಬೆಳಕಿಗೆ ಹಿಡಿದರೆ ಬೆಳ್ಳಿಯ ಗೆರೆ. ಅಂಗಡಿಯವರದೇನೂ ತಪ್ಪಿಲ್ಲ. ಕೊಳಾಯಿಯ ಮರೆ ತುದಿಗೆ ಸಣ್ಣಗಾಗುತ್ತ ಬರುವ ಇಳಿಜಾರು ಮರೆ. ತಿರುಗಿಸಿದಷ್ಟೂ ಬೆಣೆಯಂತೆ ಬಿರಿಸುತ್ತದೆ, ಕಬ್ಬಿಣದ ಪೈಪಿನಲ್ಲಿ ಅದೇ ಅದರ ಗುಣ. ನಮ್ಮ ಫಿಟ್ಟಿಂಗಿನದು ಉದ್ದಕ್ಕೂ ಸಮವಾದ ಮರೆ, ನೀರು ತಡೆಯುವುದು ಬುಡದ ರಬ್ಬರ್ ಉಂಗುರ. ಅದಕ್ಕೆ ಬೆರಳಿನ ಬಿಗಿಯೇ ಸಾಕು. ಹೊಸ ಮುಚ್ಚಳ ಬರಲು ಹನ್ನೊಂದು ದಿನ.

ನೀರು ತುಂಬುವ ಮೊದಲು ಗಾಳಿ ತುಂಬಿ ಸೋರಿಕೆ ನೋಡಬೇಕು. ಅದರ ಉಪಕರಣಕ್ಕೆ ದುಡ್ಡು ಹಾಕುವ ಮನಸ್ಸು ಉಳಿದಿರಲಿಲ್ಲ. ಮನೆಯಲ್ಲಿ ಅಪ್ಪನ ಹಳೆಯ ಬಿ.ಪಿ. ಯಂತ್ರವಿತ್ತು, ಮುಳ್ಳಿನದು. ಅದರ ತೋಳುಪಟ್ಟಿ ಕಳಚಿ ರಬ್ಬರ್ ಕೊಳವೆಯನ್ನು ಲೂಪಿನ ಬಾಯಿಗೆ ಸಿಕ್ಕಿಸಿದೆ. ಮುಳ್ಳು 250ಕ್ಕೆ ಬರುವವರೆಗೆ ಬುಗ್ಗೆ ಒತ್ತಿದೆ. ಅದು ಬಾರ್ ಎಂಬ ಒತ್ತಡದ ಅಳತೆಯಲ್ಲಿ ಮೂರನೆಯ ಒಂದು ಭಾಗ, ಸಾಕಷ್ಟಾಯಿತು. ಐದು ನಿಮಿಷಕ್ಕೆ 230. ಹತ್ತಕ್ಕೆ 205. ಸೋಪಿನ ನೀರನ್ನು ಬ್ರಷ್ಷಿನಿಂದ ಒಂದೊಂದೇ ಕೀಲಿಗೆ ಸವರುತ್ತ ಹೋದೆ. ಹನ್ನೆರಡನೆಯದರಲ್ಲಿ, ಕಾರ್ಡಿನ ಬ್ಲಾಕಿನ ಹಿಂಬದಿಯಲ್ಲಿ, ಸಾಸಿವೆ ಕಾಳಿನಷ್ಟು ಗುಳ್ಳೆ ಉಬ್ಬಿ ಒಡೆಯಿತು, ಮತ್ತೆ ಉಬ್ಬಿತು. ಬಿಚ್ಚಿ ನೋಡಿದರೆ ರಬ್ಬರ್ ಉಂಗುರಕ್ಕೆ ಅಡ್ಡಲಾಗಿ ಒಂದು ನೂಲಿನ ಎಳೆ ಮಲಗಿತ್ತು. ಹಳೆಯ ಬನಿಯನ್ ತುಂಡಿನಿಂದ ಒರೆಸಿದ್ದೆನಲ್ಲ, ಅದರದ್ದು. ತೆಗೆದು ಮತ್ತೆ ಗಾಳಿ ತುಂಬಿದೆ.

ಈ ಬಾರಿ ಬೆಳಿಗ್ಗೆ ಎಂಟಕ್ಕೆ 250ರಲ್ಲಿ ಬಿಟ್ಟು ಹೊರಗೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ 270! ಗಾಳಿ ಸೋರುವ ಬದಲು ಒಳಗೆ ಹುಟ್ಟುತ್ತಿದೆಯೇ ಎಂದು ಕಣ್ಣುಜ್ಜಿಕೊಂಡೆ. ಆಮೇಲೆ ಹೊಳೆಯಿತು: ಬೆಳಿಗ್ಗೆ ಕೋಣೆ 30 ಡಿಗ್ರಿ, ಈಗ 36. ಮುಚ್ಚಿದ ಗಾಳಿ ಬಿಸಿಯಾದರೆ ಒತ್ತಡ ಏರಲೇಬೇಕು, ಆರು ಡಿಗ್ರಿಗೆ ಇಪ್ಪತ್ತು ಅಂಕ ಸರಿಯಾದ ಲೆಕ್ಕವೇ. ಇದರ ಇನ್ನೊಂದು ಮುಖವನ್ನೂ ನೆನಪಿಡಬೇಕು. ಮಧ್ಯಾಹ್ನ ತುಂಬಿಸಿ ರಾತ್ರಿ ನೋಡುವವನು ಸೋರದ ಲೂಪನ್ನೂ ಸೋರುತ್ತಿದೆ ಎಂದು ಬಿಚ್ಚಿ ಕೂರುತ್ತಾನೆ.

ನೀರಿಗೆ ಇನ್ವರ್ಟರ್ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಕ್ಯಾನು, ಜೊತೆಗೆ ಪಾಚಿ ಮತ್ತು ತುಕ್ಕು ತಡೆಯುವ ದ್ರಾವಣ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮಾಪಕದಲ್ಲಿ ಕ್ಯಾನಿನ ನೀರು 2 ತೋರಿಸಿತು, ಮನೆಯ ಆರ್‌ಒ ನೀರು 60, ಓಣಿಯ ಬೋರ್‌ವೆಲ್ಲು ಸಾವಿರದ ಮೇಲೆ. ಬ್ಲಾಕಿನ ಒಳಗಿನ ಗೀರುಗಳು ಕೂದಲೆಳೆಯಷ್ಟು ಸಪೂರ; ಬೋರ್‌ವೆಲ್ ನೀರಿನ ಸುಣ್ಣಕ್ಕೆ ಅಲ್ಲಿ ಎಷ್ಟು ದಿನ ಬೇಕು? ತುಂಬುವಾಗ ಮದರ್‌ಬೋರ್ಡಿಗೆ ವಿದ್ಯುತ್ ಕೊಡದೆ, ಪವರ್ ಸಪ್ಲೈನ 24 ಪಿನ್ ಕನೆಕ್ಟರಿನಲ್ಲಿ ಹಸಿರು ತಂತಿಗೂ ಪಕ್ಕದ ಕಪ್ಪು ತಂತಿಗೂ ಬೆಸುಗೆ ಹಾಕಿದಂತೆ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿ ಪಂಪನ್ನಷ್ಟೇ ಓಡಿಸಿದೆ. ಕೇಸನ್ನು ಮಗುವನ್ನು ತೂಗಿದಂತೆ ಅತ್ತಿತ್ತ ವಾಲಿಸುತ್ತ ಗುಳ್ಳೆಗಳನ್ನು ಹೊರಡಿಸಲು ಒಂದು ಸಂಜೆ ಹಿಡಿಯಿತು.

ಫ್ಯಾನಿನ ವೇಗ ನೀರಿನ ಉಷ್ಣತೆಯನ್ನು ಹಿಂಬಾಲಿಸಬೇಕು, ಪ್ರೊಸೆಸರಿನದನ್ನಲ್ಲ. ಇಲ್ಲದಿದ್ದರೆ ಪ್ರತಿ ಕ್ಲಿಕ್ಕಿಗೂ ಫ್ಯಾನು ಹೂಂಕರಿಸುತ್ತದೆ. ಎಲ್ಲರೂ ಹೇಳುವಂತೆ 30 ಡಿಗ್ರಿಗೆ ಶುರು, 40ಕ್ಕೆ ಪೂರ್ಣ ಎಂದು ಇಟ್ಟೆ. ಯಂತ್ರ ಚಾಲೂ ಆದ ಕ್ಷಣ ನೀರು 36, ಫ್ಯಾನುಗಳು ಆಗಲೇ ಅರ್ಧ ಓಟದಲ್ಲಿ. ಈಗ 40ಕ್ಕೆ ಶುರು, 50ಕ್ಕೆ ಪೂರ್ಣ.

ಮೇ ತಿಂಗಳಲ್ಲಿ ಎರಡು ತಾಸು ಬಿಡದೆ ದುಡಿಸಿದಾಗ: ಕೋಣೆ 37, ನೀರು 48, ಕಾರ್ಡು 58, ಪ್ರೊಸೆಸರ್ 73. ಪಕ್ಕದ ಮೇಜಿನಲ್ಲಿ ಮಾತಾಡುವವರ ದನಿ ಕೇಳಿಸುವಷ್ಟು ಮೌನ. ರೇಡಿಯೇಟರಿನ ಎಲೆಗಳು ಒತ್ತೊತ್ತಾಗಿರದ ಮಾದರಿ ಆರಿಸಿದ್ದು ಒಳ್ಳೆಯದಾಯಿತು. ಗಂಜ್ ಮಾರುಕಟ್ಟೆಯ ಹತ್ತಿಯ ಎಳೆ, ಅಕ್ಕಿ ಗಿರಣಿಯ ತೌಡಿನ ಧೂಳು ಯಾವುದೂ ನಮ್ಮೂರ ಗಾಳಿಯಲ್ಲಿ ಕಡಿಮೆಯಿಲ್ಲ. ಕಿಟಕಿಯ ಸೊಳ್ಳೆ ಪರದೆಯ ತುಂಡನ್ನು ಅಂಚಿಗೆ ಅಂಟಿಸಿ, ಹದಿನೈದು ದಿನಕ್ಕೊಮ್ಮೆ ಬಣ್ಣದ ಬ್ರಷ್ಷಿನಿಂದ ಜಾಡಿಸುತ್ತೇನೆ.

ಲೂಪಿನ ನೀರು ಬೆವರಲಾರದು ಎಂದೆನಲ್ಲ, ಆ ಕೆಲಸವನ್ನು ಏರ್ ಕೂಲರಿಗೆ ವಹಿಸಿದ್ದೇನೆ. ನಮ್ಮ ಬೇಸಿಗೆಯ ಒಣ ಗಾಳಿಯಲ್ಲಿ ಅದು ಕೋಣೆಯನ್ನು 37ರಿಂದ 31ಕ್ಕೆ ಎಳೆಯುತ್ತದೆ, ಲೂಪಿನ ನೀರೂ ಸುಮ್ಮನೆ ಹಿಂದೆಯೇ ಇಳಿಯುತ್ತದೆ. ತೇವಕ್ಕೆ ಹನಿಗಟ್ಟುತ್ತದೆಯೇ ಎಂದು ಹೆದರಿದವರಿದ್ದಾರೆ. ಲೂಪು ಯಾವಾಗಲೂ ಗಾಳಿಗಿಂತ ಬಿಸಿ, ಅದರ ಮೇಲೆ ಹನಿ ಕಟ್ಟುವುದಿಲ್ಲ. ಕೂಲರಿನ ಸಿಡಿತ ನೇರವಾಗಿ ಬೀಳದಂತೆ ದೂರವಿಟ್ಟರಾಯಿತು. ಕಳೆದ ಬೇಸಿಗೆಯಲ್ಲಿ ಒಂದೇ ದಿನ ನೀರು 51 ಮುಟ್ಟಿ ಎಚ್ಚರಿಕೆಯ ಗಂಟೆ ಹೊಡೆಯಿತು. ಪಂಪು ನೋಡಿದೆ, ಫ್ಯಾನು ನೋಡಿದೆ, ಜಾಲರಿ ಬಿಚ್ಚಿದೆ. ಕೊನೆಗೆ ನೋಡಿದರೆ ಕೂಲರಿನ ತೊಟ್ಟಿ ಒಣಗಿತ್ತು. ಈಗ ಸಂಕಲನಕ್ಕೆ ಕೂರುವ ಹುಡುಗ ಕಂಪ್ಯೂಟರಿನ ಸ್ವಿಚ್ ಮುಟ್ಟುವ ಮೊದಲು ಎರಡು ಕೊಡ ನೀರು ತಂದು ಕೂಲರಿಗೆ ಸುರಿಯುತ್ತಾನೆ.