ಒಂದೇ ತರಗತಿಯಲ್ಲಿ ಇಬ್ಬರು ಮೇಷ್ಟ್ರು

ಪತ್ರಿಕೋದ್ಯಮ ವಿಭಾಗದಲ್ಲಿ ಸುದ್ದಿ ಬರವಣಿಗೆ, ಕ್ಯಾಮೆರಾ, ಎಡಿಟಿಂಗ್ ಎಲ್ಲ ಚೆನ್ನಾಗಿಯೇ ಕಲಿಸುತ್ತೇವೆ. ಆದರೆ ಒಂದು ಸುಳ್ಳು ಸುದ್ದಿ ವಾಟ್ಸಾಪ್ ಗುಂಪಿನಿಂದ ಗುಂಪಿಗೆ ಎಷ್ಟು ಬೇಗ ಹಾರುತ್ತದೆ ಎಂದು ಲೆಕ್ಕ ಹಾಕಲು ಸಂಖ್ಯಾಶಾಸ್ತ್ರ ಬೇಕು. ಜನ ಅದನ್ನು ಯಾಕೆ ನಂಬುತ್ತಾರೆ ಎಂದು ತಿಳಿಯಲು ಸಮಾಜಶಾಸ್ತ್ರ ಬೇಕು. ಹಂಚಿದವರ ಹೊಣೆ ಎಷ್ಟು ಎಂದು ಕಾನೂನಿನವರನ್ನು ಕೇಳಬೇಕು. ಮುಂಬಯಿಯಲ್ಲಿ ನಾನು ಪಾಠ ಮಾಡುವ ವಿಶ್ವವಿದ್ಯಾಲಯದಲ್ಲಿ ಇವರೆಲ್ಲ ಇದ್ದರು. ಬೇರೆ ಬೇರೆ ಕಟ್ಟಡಗಳಲ್ಲಿ, ಬೇರೆ ಬೇರೆ ವೇಳಾಪಟ್ಟಿಯಲ್ಲಿ.

ಇವರನ್ನೆಲ್ಲ ಸೇರಿಸಿ ಒಂದು ಅಂತರ್‌ಶಿಸ್ತೀಯ ಕೋರ್ಸ್ ಕಟ್ಟಲು ಹೊರಟೆ. ಸಾಮಾನ್ಯವಾಗಿ ಬೇರೆ ವಿಭಾಗದವರನ್ನು ಒಂದೆರಡು ಉಪನ್ಯಾಸಕ್ಕೆ ಕರೆಯುತ್ತಾರೆ. ಅವರು ಬಂದು ಮಾತಾಡಿ ಹೋಗುತ್ತಾರೆ. ವಿದ್ಯಾರ್ಥಿಗೆ ಎರಡು ವಿಷಯ ಅಕ್ಕಪಕ್ಕ ಸಿಗುತ್ತವೆ, ಆದರೆ ಒಂದಕ್ಕೊಂದು ಬೆಸೆದುಕೊಳ್ಳುವುದಿಲ್ಲ. ಇಬ್ಬರು ಮೇಷ್ಟ್ರು ಇಡೀ ಸೆಮಿಸ್ಟರ್ ಒಂದೇ ಕೋಣೆಯಲ್ಲಿ ಇರಬೇಕು, ವಿದ್ಯಾರ್ಥಿಗಳ ಎದುರಿನಲ್ಲೇ ಒಬ್ಬರನ್ನೊಬ್ಬರು ಪ್ರಶ್ನಿಸಬೇಕು ಎಂಬುದು ನನ್ನ ಹಟ.

ಅಡ್ಡ ಬಂದದ್ದು ತತ್ವವಲ್ಲ, ವರ್ಕ್‌ಲೋಡ್. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ, ಅದರ ಮೇಲಿನವರು 14 ಗಂಟೆ ಪಾಠ ಮಾಡಬೇಕು. ಇಬ್ಬರು ಒಟ್ಟಿಗೆ ತರಗತಿಯಲ್ಲಿದ್ದರೆ ಆ ಗಂಟೆ ಯಾರ ಲೆಕ್ಕಕ್ಕೆ? ಒಳ್ಳೆಯ ಮನಸ್ಸಿನ ಸಹೋದ್ಯೋಗಿಗಳೂ ಇಲ್ಲಿ ಹಿಂದೆ ಸರಿಯುತ್ತಾರೆ. ಅದು ಅವರ ತಪ್ಪಲ್ಲ. ನಾವು ಕಂಡುಕೊಂಡ ದಾರಿ ಹೀಗಿದೆ. ನಾಲ್ಕು ಕ್ರೆಡಿಟ್‌ನ ಕೋರ್ಸ್‌ನಲ್ಲಿ ಎರಡನ್ನು ಥಿಯರಿಗೆ, ಎರಡನ್ನು ಪ್ರಾಯೋಗಿಕಕ್ಕೆ ಇಟ್ಟೆವು. ಥಿಯರಿಗೆ ಒಂದು ಕ್ರೆಡಿಟ್ ಅಂದರೆ 15 ಗಂಟೆ, ಪ್ರಾಯೋಗಿಕಕ್ಕೆ 30 ಗಂಟೆ. ಪ್ರಾಯೋಗಿಕ ತರಗತಿಗೆ ಎರಡು ಬ್ಯಾಚ್ ಮಾಡಿ, ಒಂದೊಂದು ಬ್ಯಾಚನ್ನು ಒಬ್ಬೊಬ್ಬರ ಹೆಸರಿಗೆ ಬರೆದು, ಎರಡನ್ನೂ ಒಂದೇ ಹೊತ್ತಿಗೆ ಒಂದೇ ದೊಡ್ಡ ಕೋಣೆಯಲ್ಲಿ ನಡೆಸಿದೆವು. ಇಬ್ಬರಿಗೂ ಗಂಟೆ ಸಿಕ್ಕಿತು. ಇಬ್ಬರೂ ಅಲ್ಲೇ ಇದ್ದರು.

ಅಧ್ಯಯನ ಮಂಡಳಿಯಲ್ಲಿ ಒಬ್ಬರು, ಮಾಧ್ಯಮಕ್ಕೆ ಇಷ್ಟೆಲ್ಲ ವಿಭಾಗ ಯಾಕೆ ಎಂದು ಕೇಳಿದರು. ನಾನು ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗದ ಉದಾಹರಣೆ ಕೊಟ್ಟೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೋ, ನಾಸಾದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳಿಸಿತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಎಂಜಿನಿಯರ್‌ಗಳು, ಕಾರ್ಯಕ್ರಮ ಮಾಡುವವರು, ಸಮಾಜ ವಿಜ್ಞಾನಿಗಳು ಕೂಡಿ ದುಡಿದಿದ್ದರು. ಸಂಶೋಧಕರು ಹಳ್ಳಿಗಳಲ್ಲೇ ಉಳಿದು ಜನರನ್ನು ಗಮನಿಸಿದ್ದರು. ನಮ್ಮ ದೇಶದಲ್ಲೇ ಆಗಿದ್ದ ಕೆಲಸ ಇದು. ಕೋರ್ಸ್‌ಗೆ ಒಪ್ಪಿಗೆ ಸಿಕ್ಕಿತು.

ಇನ್ನು ಕೋರ್ಸ್‌ನಲ್ಲಿ ವಿದ್ಯಾರ್ಥಿಗಳ ಸಂಶೋಧನೆಗೆ ಏನು ತೆಗೆದುಕೊಳ್ಳುವುದು? ನಾನು ಮುಂಬಯಿಯ ಕನ್ನಡ ಪತ್ರಿಕೆಗಳನ್ನು ಮುಂದಿಟ್ಟೆ. ಈ ಊರಿಂದ ಕನ್ನಡ ದಿನಪತ್ರಿಕೆ ಬರುತ್ತದೆ ಎಂಬುದೇ ಮರಾಠಿ ಸಹೋದ್ಯೋಗಿಗಳಿಗೆ ಹೊಸ ವಿಷಯವಾಗಿತ್ತು. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಹೋಟೆಲ್ ಹುಡುಗರು ಓದಿ ಮೇಲೆ ಬಂದ ರಾತ್ರಿ ಶಾಲೆಗಳು, ಯಕ್ಷಗಾನ ಮೇಳಗಳು, ಇವೆಲ್ಲದರ ಬದುಕು ಆ ಪುಟಗಳಲ್ಲಿದೆ. ಒಂದು ಸಂಘದವರು ಕಟ್ಟಿಟ್ಟ ಹಳೆಯ ಸಂಪುಟಗಳ ಫೋಟೋ ತೆಗೆಯಲು ಬಿಟ್ಟರು.

ಕಂಪ್ಯೂಟರ್ ವಿಭಾಗದ ಹುಡುಗರು ಪುಟಗಳನ್ನು ಓಸಿಆರ್‌ಗೆ, ಅಂದರೆ ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ, ಕೊಟ್ಟರು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ ಅಲ್ವಾ, ಹಳೆಯ ಅಚ್ಚಿನಲ್ಲಿ ಅದು ಕೆಳಗಿನ ಸಾಲಿಗೆ ತಾಗುತ್ತದೆ. ಯಂತ್ರ ಅಲ್ಲೇ ಎಡವುತ್ತಿತ್ತು. ಡೊಂಬಿವಲಿ, ಠಾಣೆಯಿಂದ ಬರುವ ನಮ್ಮ ಕೆಲವು ಕನ್ನಡ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲು ಬರುವುದಿಲ್ಲ. ಓದಲು ಬರುವ ಗೆಳೆಯರ ಪಕ್ಕ ಕೂತು ತಪ್ಪು ತಿದ್ದುತ್ತಾ ಅವರು ಅಕ್ಷರ ಕಲಿತರು. ಕೋರ್ಸ್‌ನ ಉದ್ದೇಶಗಳಲ್ಲಿ ಇದು ಎಲ್ಲೂ ಇರಲಿಲ್ಲ. ನನಗೆ ಜಾಸ್ತಿ ಸಂತೋಷ ಕೊಟ್ಟದ್ದು ಇದೇ.

ಸಂಖ್ಯಾಶಾಸ್ತ್ರದ ಮೇಡಂ, ಸುಮ್ನೆ ಇಷ್ಟವಾದ ಸಂಚಿಕೆ ಆರಿಸಲು ಬಿಡಲಿಲ್ಲ. ಒಂದು ವಾರದ ಸೋಮವಾರ, ಇನ್ನೊಂದು ವಾರದ ಮಂಗಳವಾರ, ಹೀಗೆ ಚೀಟಿ ಎತ್ತಿ ಏಳು ದಿನದ ಒಂದು ವಾರ ಕಟ್ಟಿಸಿದರು. ಭಾನುವಾರದ ಕಾರ್ಯಕ್ರಮಗಳ ಸುದ್ದಿ ಸೋಮವಾರ ತುಂಬಿರುತ್ತದೆ. ಅದನ್ನೇ ನೋಡಿದರೆ ಇಡೀ ಪತ್ರಿಕೆ ಸಂಘ ಸಂಸ್ಥೆಗಳದ್ದೇ ಅನ್ನಿಸುತ್ತದೆ.

ಸುದ್ದಿಗಳನ್ನು ವಿಂಗಡಿಸುವಾಗ ಶ್ರದ್ಧಾಂಜಲಿಗಳು ಜಾಹೀರಾತಿನ ಗುಂಪಿಗೆ ಸೇರಿದ್ದವು. ದುಡ್ಡು ಕೊಟ್ಟು ಹಾಕಿಸುವುದು, ಆದ್ದರಿಂದ ಜಾಹೀರಾತು. ಅದೇ ಹೊತ್ತಿಗೆ ಸಮಾಜಶಾಸ್ತ್ರದವರ ಜೊತೆ ಮಕ್ಕಳು ಹೋಟೆಲ್‌ಗಳಿಗೆ ಹೋಗುತ್ತಿದ್ದರು, ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ. ಅಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರು ನಮ್ಮ ಹುಡುಗನಿಗೆ ಹೇಳಿದರು: “ನಾನು ಪೇಪರ್ ಬಂದ ಕೂಡಲೇ ಶ್ರದ್ಧಾಂಜಲಿ ನೋಡುವುದು. ಊರಿನವರು ಯಾರು ತೀರಿಕೊಂಡರು ಅಂತ ಗೊತ್ತಾಗುವುದು ಅಲ್ಲಿಯೇ ಅಲ್ವಾ ಮಾರಾಯ.” ಮರುದಿನ ತರಗತಿಯಲ್ಲಿ ಜೋರು ಚರ್ಚೆ ಆಯಿತು. ಓದುಗನಿಗೆ ಅದೇ ಮೊದಲ ಸುದ್ದಿಯಾದರೆ ನಾವು ಅದನ್ನು ಜಾಹೀರಾತು ಎನ್ನಬಹುದೇ? ಶ್ರದ್ಧಾಂಜಲಿಗೆ ಬೇರೆ ಗುಂಪು ಮಾಡಿ ಎಣಿಕೆ ಮತ್ತೆ ಶುರುವಾಯಿತು. ಒಂದು ವಿಭಾಗ ಕೇಳಿಸಿಕೊಂಡ ಮಾತು ಇನ್ನೊಂದು ವಿಭಾಗದ ಕೋಷ್ಟಕವನ್ನು ಬದಲಿಸಿತು. ನಾನು ಬಯಸಿದ್ದು ಇದನ್ನೇ.

ಕಾನೂನಿನ ಸಹೋದ್ಯೋಗಿ, ನಾವು ಮಾತಾಡಿಸಿದವರಿಂದ ಒಪ್ಪಿಗೆ ಪತ್ರ ಬರೆಸಿದರು, ಕನ್ನಡದಲ್ಲೂ ಮರಾಠಿಯಲ್ಲೂ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಅದನ್ನೇ ಪಾಠವಾಗಿ ಓದಿಸಿದರು. ಹೋಟೆಲ್ ಕೆಲಸಗಾರ ಮಾಲೀಕನ ಬಗ್ಗೆ ಆಡಿದ ಮಾತು ಹೆಸರಿನ ಸಮೇತ ಹೊರಬಿದ್ದರೆ ಅವನ ಕೆಲಸ ಹೋಗಬಹುದು. ಆದ್ದರಿಂದ ಧ್ವನಿಮುದ್ರಿಕೆಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ.

ಅಂಕ ಕೊಡುವಾಗ ಇಬ್ಬರೂ ಬೇರೆ ಬೇರೆ ಕೂತು ಕೊಟ್ಟು, ಆಮೇಲೆ ಹೋಲಿಸುತ್ತೇವೆ. ತುಂಬಾ ವ್ಯತ್ಯಾಸ ಬಂದರೆ ವಿದ್ಯಾರ್ಥಿಯನ್ನೂ ಕರೆದು ಮಾತಾಡುತ್ತೇವೆ. ಈಗ ಈ ಕೆಲಸ ಪಿಎಚ್‌ಡಿ ಮಟ್ಟಕ್ಕೆ ಬಂದಿದೆ. ಯುಜಿಸಿಯ 2022ರ ನಿಯಮ ಬೇರೆ ವಿಭಾಗದವರನ್ನು ಸಹ ಮಾರ್ಗದರ್ಶಕರಾಗಿ ಇಟ್ಟುಕೊಳ್ಳಲು ಬಿಡುತ್ತದೆ. ನನ್ನ ವಿದ್ಯಾರ್ಥಿನಿಗೆ ನಾನು ಮತ್ತು ಸಂಖ್ಯಾಶಾಸ್ತ್ರದ ಮೇಡಂ ಇಬ್ಬರೂ ಮಾರ್ಗದರ್ಶಕರು. ಅವಳು ಶ್ರದ್ಧಾಂಜಲಿಗಳಲ್ಲಿ ಬರುವ ಊರಿನ ಹೆಸರುಗಳನ್ನು ಮುಂಬಯಿಯ ಬಡಾವಣೆಗಳ ಜೊತೆ ಜೋಡಿಸುತ್ತಿದ್ದಾಳೆ. ಯಾವ ಹಳ್ಳಿಯವರು ಯಾವ ಬಡಾವಣೆಗೆ ಬಂದು ನೆಲೆಸಿದರು ಎಂಬ ನಕ್ಷೆ ಅದರಿಂದ ಬರುತ್ತದೆ. ಅದಕ್ಕೆ ಭೂಗೋಳ ವಿಭಾಗದವರು ಬೇಕು. ಅವರ ವೇಳಾಪಟ್ಟಿಯನ್ನು ನಮ್ಮದಕ್ಕೆ ಹೊಂದಿಸುವ ಮಾತುಕತೆ ಈಗ ನಡೆದಿದೆ.