ಪಲ್ಪರ್ ಪಕ್ಕ ಕೂತೇ ಡಿಸೈನ್: ಟ್ಯಾಬ್ ಹಿಡಿದು ತೋಟಕ್ಕೆ ಹೋದ ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಒಂದು ಲೇತ್, ಎರಡು ವೆಲ್ಡಿಂಗ್ ಸೆಟ್, ಒಂದು ಡ್ರಿಲ್ಲಿಂಗ್ ಮೆಷಿನ್. ನವೆಂಬರ್‌ನಲ್ಲಿ ಅರೇಬಿಕಾ ಕಾಫಿ ಹಣ್ಣಾಗೋಕೆ ಶುರುವಾದರೆ ಆಯ್ತು, ರೊಬಸ್ಟಾ ಕುಯ್ಲು ಮುಗಿಯೋವರೆಗೆ ನಮಗೆ ಬಿಡುವಿಲ್ಲ. ತೋಟಗಳ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮೆಷಿನ್, ಅದರ ರಿಪೇರಿಯೇ ನಮ್ಮ ಮುಖ್ಯ ಕೆಲಸ. ಶಾಫ್ಟ್, ಪುಲ್ಲಿ, ಬೇರಿಂಗ್ ಬ್ರಾಕೆಟ್, ಬೆಲ್ಟ್ ಗಾರ್ಡ್, ಏನು ಮುರಿದರೂ ಫೋನ್ ಬರುತ್ತೆ. ಕುಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು. ರಾಶಿಯಲ್ಲಿ ಹಾಗೇ ಬಿಟ್ಟರೆ ಬಿಸಿಯೇರಿ ಹುಳಿ ಹಿಡಿಯುತ್ತೆ, ಆಮೇಲೆ ಆ ಪಾರ್ಚ್‌ಮೆಂಟಿಗೆ (ಪಲ್ಪ್ ಮಾಡಿ ಒಣಗಿಸಿದ ಕಾಳಿಗೆ) ಒಳ್ಳೆ ರೇಟ್ ಸಿಗೋದಿಲ್ಲ. ಹಾಗಾಗಿ ನಮ್ಮ ಕೆಲಸದಲ್ಲಿ "ನಾಳೆ ನೋಡೋಣ" ಅನ್ನೋ ಮಾತಿಗೆ ಜಾಗ ಇಲ್ಲ.

ಮೊದಲು ಹೇಗೆ ಮಾಡುತ್ತಿದ್ದೆ ಅಂದರೆ, ತೋಟಕ್ಕೆ ಹೋಗಿ ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಂಡು ಬರುತ್ತಿದ್ದೆ. ರಾತ್ರಿ ವರ್ಕ್‌ಶಾಪಿನ ಕಂಪ್ಯೂಟರ್ ಮುಂದೆ ಕೂತು ಡ್ರಾಯಿಂಗ್. ಆಗಲೇ ಗೊತ್ತಾಗೋದು, ಒಂದು ಅಳತೆ ಬಿಟ್ಟುಹೋಗಿದೆ ಅಂತ. ತೋಟದ ರೈಟರ್‌ಗೆ (ಲೆಕ್ಕಪತ್ರ ನೋಡಿಕೊಳ್ಳುವವರಿಗೆ) ಫೋನ್ ಮಾಡಿ "ಆ ಎರಡು ತೂತಿನ ನಡುವೆ ಎಷ್ಟಿದೆ ಸ್ವಲ್ಪ ನೋಡಿ ಸರ್" ಅಂತ ಕೇಳೋದು. ಪಾಪ, ಅವರು ಟಾರ್ಚ್ ಹಿಡಿದುಕೊಂಡು ಹೋಗಿ ಟೇಪಿನಲ್ಲಿ ಅಳೆದು ಹೇಳುತ್ತಿದ್ದರು. ಟೇಪಿನ ಅಳತೆ ನಂಬಿ ಬೇರಿಂಗ್ ಕೂರಿಸೋಕೆ ಆಗುತ್ತಾ?

ಒಂದು ಸಲ ದೊಡ್ಡ ಪೆಟ್ಟೇ ಬಿತ್ತು. 25 ಮಿಲಿಮೀಟರ್ ಶಾಫ್ಟಿಗೆ ಬ್ರಾಕೆಟ್ ಮಾಡಬೇಕಿತ್ತು. ಮೊದಲು ಯುಸಿಪಿ 204 ಸೈಜಿನ ಬೇರಿಂಗ್ (ಬೋಲ್ಟ್ ಹಾಕಿ ಕೂರಿಸುವ ಸ್ಟ್ಯಾಂಡಿನ ಜೊತೆಗೇ ಬರುವ ಬೇರಿಂಗ್) ಅಂದುಕೊಂಡು ಡ್ರಾಯಿಂಗ್ ಮಾಡಿದ್ದೆ. ಆಮೇಲೆ ಶಾಫ್ಟ್ ಅಳತೆ ಮತ್ತೆ ನೋಡಿ 205ಕ್ಕೆ ತಿದ್ದಿ ಬೇರೆ ಹೆಸರಲ್ಲಿ ಉಳಿಸಿದೆ. ಹಾಸನದ ಲೇಸರ್ ಕಟಿಂಗ್‌ನವರಿಗೆ ಫೋನಿನಲ್ಲಿ ಕಳಿಸುವಾಗ ಹಳೆಯ ಫೈಲ್ ಹೋಯ್ತು. 204ರ ಬೋಲ್ಟ್ ತೂತುಗಳ ನಡುವೆ 95 ಮಿಲಿಮೀಟರ್, 205ಕ್ಕೆ 105. ಸೆಂಟರ್ ಎತ್ತರ (ಬುಡದಿಂದ ಶಾಫ್ಟಿನ ನಡುವಿನವರೆಗೆ) ಒಂದಕ್ಕೆ 33.3, ಇನ್ನೊಂದಕ್ಕೆ 36.5. ಮೂರು ಚಿಲ್ಲರೆ ಮಿಲಿಮೀಟರ್ ಏನು ಮಹಾ ಅನ್ನಬೇಡಿ. ಪಲ್ಪರ್‌ನಲ್ಲಿ ತಿರುಗುವ ಡ್ರಮ್ಮಿಗೂ ಅದರೆದುರಿನ ಬ್ರೆಸ್ಟ್ ಪ್ಲೇಟಿಗೂ ನಡುವೆ ಹಣ್ಣು ಹಾದುಹೋಗುವ ಸಂದು ಎರಡೂ ಕಡೆ ಸಮ ಇರಬೇಕು. ಒಂದು ಕಡೆ ಡ್ರಮ್ ಅಷ್ಟು ಏರುಪೇರಾದರೂ ಒಂದು ತುದಿಯಲ್ಲಿ ಕಾಳು ಕಚ್ಚುತ್ತೆ, ಅಂದರೆ ಕಾಳಿಗೆ ಗಾಯ ಆಗುತ್ತೆ, ಇನ್ನೊಂದು ತುದಿಯಲ್ಲಿ ಹಣ್ಣು ಇಡಿಯಾಗಿಯೇ ಹೊರಗೆ ಬರುತ್ತೆ. ಅವತ್ತು ಪ್ಲೇಟ್ ಗುಜರಿಗೆ ಹೋಯ್ತು, ಮತ್ತೆ ಹಾಸನಕ್ಕೆ ಹೋಗಿಬರುವುದರಲ್ಲಿ ಒಂದು ದಿನ ಹೋಯ್ತು. ತೋಟದವರ ಮುಖ ನೋಡೋಕೆ ನನಗೇ ಕಷ್ಟ ಆಯ್ತು.

ಅದಾದ ಮೇಲೆ ಆನ್‌ಶೇಪ್ ಕಲಿಯೋಕೆ ಕೂತೆ. ಇದು ಕ್ಲೌಡ್‌ನಲ್ಲಿ ಓಡುವ ತ್ರೀಡಿ ಡಿಸೈನ್ ಸಾಫ್ಟ್‌ವೇರ್. ಕಂಪ್ಯೂಟರಿನಲ್ಲಿ ಬ್ರೌಸರ್ ಸಾಕು, ಟ್ಯಾಬ್ ಮತ್ತು ಫೋನಿಗೆ ಆಪ್ ಇದೆ. 1990ರ ದಶಕದಲ್ಲಿ ಸಾಲಿಡ್‌ವರ್ಕ್ಸ್ ಅನ್ನೋ ಡಿಸೈನ್ ಸಾಫ್ಟ್‌ವೇರ್ ಕಂಪನಿ ಶುರು ಮಾಡಿದ ಜಾನ್ ಹಿರ್ಷ್‌ಟಿಕ್ ಮತ್ತು ಅವರ ಜೊತೆಗಾರರೇ 2012ರಲ್ಲಿ ಈ ಕಂಪನಿ ಕಟ್ಟಿದರು. 2015ರಲ್ಲಿ ಸಾಫ್ಟ್‌ವೇರ್ ಎಲ್ಲರ ಕೈಗೆ ಬಂತು. 2019ರಲ್ಲಿ ಪಿಟಿಸಿ ಕಂಪನಿ ಇದನ್ನು ಕೊಂಡಿತು. ಲೆಕ್ಕಾಚಾರವೆಲ್ಲ ದೂರದ ಸರ್ವರ್‌ನಲ್ಲಿ ನಡೆಯುತ್ತೆ, ನಮ್ಮ ಕೈಯಲ್ಲಿರುವ ಟ್ಯಾಬ್ ಚಿತ್ರ ಮಾತ್ರ ತೋರಿಸುತ್ತೆ. ಹಾಗಾಗಿಯೇ ನನ್ನ ಹತ್ತು ಇಂಚಿನ ಸಾಧಾರಣ ಟ್ಯಾಬ್‌ನಲ್ಲೂ ಇದು ಓಡುತ್ತೆ. ಸೇವ್ ಬಟನ್ನೇ ಇಲ್ಲ. ಒಂದೊಂದು ಗೆರೆ ಎಳೆದ ಹಾಗೆಲ್ಲ ಅಲ್ಲಿ ದಾಖಲಾಗುತ್ತಾ ಹೋಗುತ್ತೆ.

ಮೊದಲ ಎರಡು ವಾರ ಬೆರಳಿನದೇ ಕಷ್ಟ. ಮೌಸ್ ಹಿಡಿದು ಅಭ್ಯಾಸ ಆದವರಿಗೆ ಗಾಜಿನ ಮೇಲೆ ಬೆರಳಿಟ್ಟು ಗೆರೆ ಎಳೆಯೋದು ಸುಲಭ ಅಲ್ಲ. ಒಂದು ಬೆರಳಲ್ಲಿ ಎಳೆದರೆ ಮಾಡೆಲ್ ತಿರುಗುತ್ತೆ, ಎರಡು ಬೆರಳಲ್ಲಿ ಎಳೆದರೆ ಪಕ್ಕಕ್ಕೆ ಸರಿಯುತ್ತೆ. ಇದು ಬೇಗ ಬಂತು. ಆದರೆ ಪ್ಲೇಟಿನ ಸಣ್ಣ ಅಂಚನ್ನೋ ಒಂದು ಮೂಲೆಯನ್ನೋ ಆರಿಸಬೇಕಾದರೆ ಬೆರಳೇ ಅದನ್ನು ಮುಚ್ಚಿಬಿಡುತ್ತೆ. ಇದಕ್ಕೆ ಆಪ್‌ನಲ್ಲಿ ಒಂದು ದಾರಿ ಇದೆ. ಬೆರಳನ್ನು ಒತ್ತಿ ಹಿಡಿದರೆ ಅದರ ಮೇಲ್ಗಡೆ ಭೂತಗನ್ನಡಿ ಥರ ಒಂದು ದುಂಡು ಕಾಣಿಸಿಕೊಳ್ಳುತ್ತೆ, ನಡುವೆ ಪ್ಲಸ್ ಗುರುತು. ಬೆರಳು ಸರಿಸಿ ಆ ಗುರುತನ್ನು ಅಂಚಿನ ಮೇಲೆ ತಂದು ಬಿಟ್ಟರೆ ಸರಿಯಾಗಿ ಅದೇ ಅಂಚು ಹಿಡಿಯುತ್ತೆ. ಇದು ಕೈಗೆ ಬಂದ ಮೇಲೆ ನನ್ನ ಭಯ ಹೋಯ್ತು. ಇನ್ನೊಂದು ಮಾತು, ಗೆರೆ ನೇರ ಬಂತಾ, ಉದ್ದ ಸರಿ ಇದೆಯಾ ಅಂತ ಎಳೆಯುವಾಗ ಯೋಚಿಸಲೇಬಾರದು. ಸುಮ್ನೆ ಅಂದಾಜಿಗೆ ಆಕಾರ ಎಳೆಯಿರಿ, ಆಮೇಲೆ ಡೈಮೆನ್ಷನ್ ಕೊಟ್ಟು ಬಿಗಿ ಮಾಡಿ. ಅಳತೆ ಟೈಪ್ ಮಾಡಿದ ಕೂಡಲೇ ಆಕಾರ ತಾನಾಗಿ ಸರಿಯಾಗುತ್ತೆ.

ಇದರ ನಿಜವಾದ ಬೆಲೆ ಗೊತ್ತಾಗಿದ್ದು ಒಂದು ಜನವರಿಯಲ್ಲಿ. ಆಲ್ದೂರು ಕಡೆಯ ಒಂದು ತೋಟದಿಂದ ಸಂಜೆ ನಾಲ್ಕು ಗಂಟೆಗೆ ಫೋನ್. ಪಲ್ಪರ್ ಡ್ರಮ್ಮಿನ ಒಂದು ಕಡೆಯ ಬ್ರಾಕೆಟ್ ಸೀಳಿದೆ ಅಂತ. ಹೋಗಿ ನೋಡಿದರೆ ಹಳೇ ಕಾಸ್ಟ್ ಐರನ್ ಬ್ರಾಕೆಟ್, ಬುಡದಿಂದ ಮೇಲಿನವರೆಗೆ ಬಿರುಕು. ಕಾಸ್ಟ್ ಐರನ್ನಿಗೆ ಅಲ್ಲೇ ವೆಲ್ಡಿಂಗ್ ಹೊಡೆದರೆ ಆ ನಡುಕಕ್ಕೆ ಎರಡು ದಿನ ನಿಲ್ಲೋದಿಲ್ಲ. "ಇವತ್ತಿನ ಹಣ್ಣು ಪಕ್ಕದ ತೋಟದ ಪಲ್ಪರಿಗೆ ಕಳಿಸ್ತೀವಿ. ನಾಳೆ ಸಂಜೆ ಹಣ್ಣು ತೂಕ ಆಗೋ ಹೊತ್ತಿಗೆ ಮೆಷಿನ್ ಓಡ್ಬೇಕು ಕಣಣ್ಣ" ಅಂದರು ರೈಟರ್.

ಶೆಡ್ಡಿನಲ್ಲಿ ಒಂದು ಕ್ರೇಟ್ ಮಗುಚಿ ಹಾಕಿಕೊಂಡು ಕೂತೆ. ಮೊದಲು ಕೈ ತೊಳೆದೆ. ಹಣ್ಣಿನ ಲೋಳೆ ಬೆರಳಿಗೆ ಅಂಟಿದ್ದರೆ ಟ್ಯಾಬ್ ಸ್ಪರ್ಶ ಸರಿಯಾಗಿ ಹಿಡಿಯೋದಿಲ್ಲ. ಹೋಗುವಾಗ ಒಂದು ಒಣ ಬಟ್ಟೆ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಶಾಫ್ಟ್ 30 ಮಿಲಿಮೀಟರ್, ಹಾಗಾದರೆ ಬೇರಿಂಗ್ ಯುಸಿಪಿ 206. ಬೋಲ್ಟ್ ತೂತುಗಳ ನಡುವೆ 121, ಸೆಂಟರ್ ಎತ್ತರ 42.9. ಇದು ಪಟ್ಟಿಯಲ್ಲಿ ಸಿಗುತ್ತೆ. ಫ್ರೇಮಿನಲ್ಲಿರುವ ತೂತುಗಳ ಅಳತೆ ಮಾತ್ರ ಎಲ್ಲೂ ಸಿಗೋದಿಲ್ಲ, ಅದನ್ನು ಅಲ್ಲೇ ತೆಗೆಯಬೇಕು. ಎರಡು ತೂತಿನ ಸೆಂಟರ್ ಕಣ್ಣಿಗೆ ಕಾಣೋದಿಲ್ಲ ಅಲ್ವಾ? ವರ್ನಿಯರ್‌ನಲ್ಲಿ ಒಳ ಅಂಚಿನಿಂದ ಒಳ ಅಂಚಿಗೆ ಅಳೆದೆ, 146 ಬಂತು. ತೂತಿನ ವ್ಯಾಸ 14. ಎರಡೂ ತೂತು ಒಂದೇ ಗಾತ್ರ ಇದ್ದರೆ ಇವೆರಡನ್ನು ಕೂಡಿದರೆ ಆಯ್ತು, ಸೆಂಟರಿನಿಂದ ಸೆಂಟರಿಗೆ 160.

ಹೀಗೆ ಬೇಸ್ ಪ್ಲೇಟ್, ಎರಡು ಪಕ್ಕದ ಪ್ಲೇಟ್, ಮೇಲಿನ ಪ್ಲೇಟ್, ಎಲ್ಲಾ 10 ಮಿಲಿಮೀಟರ್ ಎಂಎಸ್ (ಮೈಲ್ಡ್ ಸ್ಟೀಲ್) ಅಂತ ಮಾಡೆಲ್ ಮಾಡುತ್ತಾ ಹೋದೆ. ಅರ್ಧ ಆದ ಮೇಲೆ ಫ್ರೇಮ್ ಕಡೆ ಕಣ್ಣು ಹೋಯ್ತು. ಒಳಗಡೆ ಒಂದು ರಿಬ್ (ಬಲಕ್ಕೆ ಕೊಟ್ಟ ಪಟ್ಟಿ) ಇದೆ, ನನ್ನ ಪಕ್ಕದ ಪ್ಲೇಟ್ ಸೀದಾ ಅದಕ್ಕೆ ತಾಗುತ್ತೆ! ಎದ್ದು ಎರಡು ಹೆಜ್ಜೆ ಹೋಗಿ ಅಳೆದೆ, ಬಂದು ಪ್ಲೇಟಿನ ಕೆಳಮೂಲೆಯಲ್ಲಿ 20 ಮಿಲಿಮೀಟರ್ ಕತ್ತರಿಸಿದೆ. ಐದು ನಿಮಿಷದ ಕೆಲಸ. ಚೀಟಿಯಲ್ಲಿ ಬರೆದುಕೊಂಡು ಊರಿಗೆ ಬಂದಿದ್ದರೆ ಆ ರಿಬ್ ನನ್ನ ನೆನಪಿನಲ್ಲೇ ಇರುತ್ತಿರಲಿಲ್ಲ. ಪ್ಲೇಟ್ ಕಟ್ ಆಗಿ, ವೆಲ್ಡ್ ಆಗಿ, ಫ್ರೇಮಿನ ಮೇಲೆ ಇಟ್ಟಾಗಲೇ ಗೊತ್ತಾಗುತ್ತಿತ್ತು. ಟ್ಯಾಬ್‌ನಲ್ಲಿ ಡಿಸೈನ್ ಯಾಕೆ ಅಂತ ಕೇಳುವವರಿಗೆಲ್ಲ ನಾನು ಈ ರಿಬ್ಬಿನ ಕಥೆಯನ್ನೇ ಹೇಳೋದು.

ಅಷ್ಟು ಹೊತ್ತಿಗೆ ವರ್ಕ್‌ಶಾಪಿನಲ್ಲಿ ನಮ್ಮ ಹುಡುಗ ಲ್ಯಾಪ್‌ಟಾಪಿನಲ್ಲಿ ಅದೇ ಡಾಕ್ಯುಮೆಂಟ್ ತೆರೆದಿದ್ದ. ನಾನು ಇಲ್ಲಿ ಮಾಡಿದ್ದು ಅಲ್ಲಿ ಆಗಿಂದಾಗಲೇ ಕಾಣುತ್ತೆ. ಅವನು ಬೇರಿಂಗಿನ ಸ್ಟೆಪ್ ಫೈಲ್ (ರೆಡಿ ತ್ರೀಡಿ ಮಾಡೆಲ್) ಒಳಗೆ ಹಾಕಿ ಅಸೆಂಬ್ಲಿ ಜೋಡಿಸಿದ. ಆನ್‌ಶೇಪ್‌ನಲ್ಲಿ ಒಂದು ಭಾಗಕ್ಕೆ ಇನ್ನೊಂದನ್ನು ಕೂರಿಸೋಕೆ ಸಾಮಾನ್ಯವಾಗಿ ಒಂದೇ ಮೇಟ್ (ಜೋಡಣೆ) ಸಾಕು. ಕದಲದ ಹಾಗೆ ಕೂರಬೇಕಾದರೆ ಒಂದು ಬಗೆ, ತಿರುಗಬೇಕಾದರೆ ಇನ್ನೊಂದು. ಪುಲ್ಲಿಗೆ ತಿರುಗುವ ಮೇಟ್ ಕೊಟ್ಟಿದ್ದ. ನಾನು ಟ್ಯಾಬ್‌ನಲ್ಲಿ ಬೆರಳಿನಿಂದ ಪುಲ್ಲಿ ತಿರುಗಿಸಿ ನೋಡಿದೆ, ಗಾರ್ಡಿನ ಒಂದು ಬೋಲ್ಟ್ ತಲೆಗೆ ಪುಲ್ಲಿಯ ಅರ ತಾಗುತ್ತಿತ್ತು. "ಅಣ್ಣಾ, ಬೋಲ್ಟ್ ಹೊರಗಡೆಯಿಂದ ಹಾಕ್ಬಿಡ್ಲಾ?" ಅಂತ ಫೋನಿನಲ್ಲಿ ಕೇಳಿದ. ಹಾಕು ಅಂದೆ. ನನ್ನ ಕಣ್ಣೆದುರೇ ಬೋಲ್ಟ್ ತಿರುಗಿ ಕೂತಿತು.

ಲೇಸರ್‌ನವರಿಗೆ ಕಳಿಸೋ ಮುಂಚೆ ಒಂದು ವರ್ಷನ್ ಮಾಡಿದೆವು. ಇದನ್ನು ನಾನು ಈಗ ಒಂದು ಸಲವೂ ತಪ್ಪಿಸೋದಿಲ್ಲ. ವರ್ಷನ್ ಮಾಡಿದ ಮೇಲೆ ಅದನ್ನು ಯಾರೂ ಬದಲಾಯಿಸೋಕೆ ಆಗೋದಿಲ್ಲ. ಆಮೇಲೆ ನಾವು ಏನೇ ತಿದ್ದಿದರೂ ಕಟಿಂಗಿಗೆ ಹೋದದ್ದು ಯಾವುದು ಅನ್ನೋದು ಅಲ್ಲೇ ಇರುತ್ತೆ. ಹುಡುಗ ಲ್ಯಾಪ್‌ಟಾಪಿನಿಂದ ಕಟಿಂಗಿಗೆ ಬೇಕಾದ ಡಿಎಕ್ಸ್‌ಎಫ್ ಫೈಲ್ ತೆಗೆದು ಕಳಿಸಿದ, ಜೊತೆಗೆ ಆ ವರ್ಷನ್ನಿನ ಲಿಂಕ್. ಹಾಸನದವರು ತಮ್ಮ ಫೋನಿನಲ್ಲೇ ಮಾಡೆಲ್ ತಿರುಗಿಸಿ ನೋಡಿ, "ಬೇಸ್ ಪ್ಲೇಟ್ ತೂತು 14 ಅಲ್ವಾ?" ಅಂತ ಖಾತ್ರಿ ಮಾಡಿಕೊಂಡರು. ಬೆಳಿಗ್ಗೆ ಬೇಲೂರು ಮೇಲೆ ಬರುತ್ತಿದ್ದ ಪರಿಚಯದ ಗೂಡ್ಸ್ ಗಾಡಿಯಲ್ಲಿ ಪ್ಲೇಟ್ ಬಂತು. ವೆಲ್ಡ್ ಮಾಡಿ ಮಧ್ಯಾಹ್ನಕ್ಕೆ ತೋಟ ಮುಟ್ಟಿದೆವು. ನಾಲ್ಕೂ ಬೋಲ್ಟ್ ಕೈಯಲ್ಲೇ ಇಳಿದವು. ಬ್ರೆಸ್ಟ್ ಪ್ಲೇಟ್ ಸಂದು ಎರಡೂ ಕಡೆ ಫೀಲರ್ ಗೇಜಿನಲ್ಲಿ ನೋಡಿ ಬಿಗಿ ಮಾಡಿದೆವು. ಮೊದಲ ಬುಟ್ಟಿ ಹಣ್ಣು ಹಾಕಿದಾಗ ರೈಟರ್ ಕಾಳನ್ನು ಕೈಗೆ ತಗೊಂಡು ಉಜ್ಜಿ ನೋಡಿದರು. ಒಂದೂ ಕಚ್ಚಿರಲಿಲ್ಲ.

ಆ ಬ್ರಾಕೆಟ್ ಈಗ ನಮ್ಮಲ್ಲಿ ಒಂದೇ ಮಾಡೆಲ್ ಆಗಿ ಉಳಿದಿಲ್ಲ. ಬಿಡುವಿದ್ದಾಗ ಅದಕ್ಕೆ ಕಾನ್ಫಿಗರೇಶನ್ ಪಟ್ಟಿ ಮಾಡಿದೆ. 204, 205, 206, ಮೂರು ಸಾಲು. ಒಂದೊಂದು ಸಾಲಿನಲ್ಲಿ ತೂತಿನ ದೂರ, ಸೆಂಟರ್ ಎತ್ತರ, ಬೋಲ್ಟ್ ಸೈಜ್. ತೋಟದಲ್ಲಿ ನಿಂತು ಫೋನಿನಲ್ಲಿ 205 ಆರಿಸಿದರೆ ಮೇಲಿನ ಪ್ಲೇಟ್ ತಾನಾಗಿ ಬದಲಾಗುತ್ತೆ. ನಾನು ಫ್ರೇಮಿನ ಅಳತೆ ಮಾತ್ರ ಕೊಟ್ಟರೆ ಸಾಕು. ಈ ಪಟ್ಟಿ ಮಾಡುವ ಕೆಲಸ ಲ್ಯಾಪ್‌ಟಾಪಿನಲ್ಲೇ ಮಾಡಿ. ಪೇಪರಿಗೆ ಹೋಗುವ ಡ್ರಾಯಿಂಗ್ ಶೀಟ್ ಕೂಡ ನಾನು ಅಲ್ಲೇ ಮಾಡೋದು. ಫೋನಿನ ಪರದೆ ಅದಕ್ಕೆ ಚಿಕ್ಕದು. ಫೋನಿರುವುದು ನೋಡೋಕೆ, ಅಳೆಯೋಕೆ, ಅಡ್ಡ ಕತ್ತರಿಸಿ ಒಳಗೆ ಏನಿದೆ ಅಂತ ತೋರಿಸೋಕೆ. ಲೇತ್ ಮುಂದೆ ನಿಂತವನು ಒಂದು ಅಂಚು ಮುಟ್ಟಿದರೆ ಉದ್ದ ಗೊತ್ತಾಗುತ್ತೆ, ಅಷ್ಟಾದರೆ ಎಷ್ಟೋ ಆಯ್ತು.

ಎರಡು ವಿಷಯ ಮೊದಲೇ ತಿಳಿದಿರಲಿ. ನೆಟ್‌ವರ್ಕ್ ಇಲ್ಲದಿದ್ದರೆ ಇದರಲ್ಲಿ ಕೆಲಸ ನಡೆಯೋದಿಲ್ಲ. ನಮ್ಮ ಕಡೆ ಎಷ್ಟೋ ತೋಟದ ಶೆಡ್‌ಗಳು ಹಳ್ಳದ ಪಕ್ಕ ತಗ್ಗಿನಲ್ಲಿರುತ್ತವೆ, ಅಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತೆ. ಕೆಲಸದ ನಡುವೆ ಸಂಪರ್ಕ ತಪ್ಪಿದರೂ ಅದುವರೆಗೆ ಮಾಡಿದ್ದು ಸರ್ವರ್‌ನಲ್ಲಿ ಭದ್ರ, ಆದರೆ ಮುಂದಕ್ಕೆ ಹೋಗೋಕೆ ಆಗೋದಿಲ್ಲ. ಅದಕ್ಕೇ ನಾನು ತೋಟಕ್ಕೆ ಹೋದ ಕೂಡಲೇ ಸಿಗ್ನಲ್ ಎಲ್ಲಿ ಸಿಗುತ್ತೆ ಅಂತ ಮೇಸ್ತ್ರಿಯನ್ನು ಕೇಳಿಕೊಳ್ಳುತ್ತೇನೆ. ಅವರಿಗೆ ಸರಿಯಾಗಿ ಗೊತ್ತಿರುತ್ತೆ, ಕಣದ ಮೂಲೆ, ನೀರಿನ ಟ್ಯಾಂಕ್ ಹತ್ತಿರ ಅಂತ. ಶೆಡ್ಡಿನೊಳಗೆ ಸಿಗದಿದ್ದರೆ ಎಲ್ಲಾ ಅಳತೆ ಬರೆದು, ಫೋಟೋ ತೆಗೆದು, ಕಣಕ್ಕೆ ಹತ್ತಿ ಅಲ್ಲಿ ಕೂತು ಮಾಡುತ್ತೇನೆ. ಹಾಗಿದ್ದರೂ ಮೆಷಿನ್ ನೂರು ಹೆಜ್ಜೆ ದೂರದಲ್ಲೇ ಇರುತ್ತೆ. ನೆಟ್ ಇಲ್ಲದೆಯೂ ಐಪ್ಯಾಡ್‌ನಲ್ಲಿ ಓಡುವ ಶೇಪರ್ ತ್ರೀಡಿ ಥರದ ಆಪ್ ಇವೆ. ಸಿಗ್ನಲ್ಲೇ ಇಲ್ಲದ ಕಡೆ ಜಾಸ್ತಿ ಕೆಲಸ ಇರುವವರು ಅದನ್ನೂ ನೋಡಬಹುದು.

ಇನ್ನೊಂದು ದುಡ್ಡಿನ ವಿಷಯ. ಉಚಿತ ಖಾತೆಯಲ್ಲಿ ಮಾಡಿದ ಡಾಕ್ಯುಮೆಂಟನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಅದನ್ನು ವ್ಯಾಪಾರಕ್ಕೆ ಬಳಸೋಕೂ ಒಪ್ಪಿಗೆ ಇಲ್ಲ. ಕಲಿಯುವಾಗ ನಾನು ಅದರಲ್ಲೇ ಕಲಿತೆ. ಪಾಲಿಟೆಕ್ನಿಕ್ ಹುಡುಗರಿಗೂ ಅದರಿಂದಲೇ ಶುರು ಮಾಡಿ ಅಂತ ಹೇಳುತ್ತೇನೆ. ಗಿರಾಕಿಗಳ ಕೆಲಸ ಶುರುವಾದ ಮೇಲೆ ಚಂದಾ ಕಟ್ಟಿದೆ. ನಾನು ತಗೊಂಡಾಗ ಒಬ್ಬರಿಗೆ ವರ್ಷಕ್ಕೆ 1,500 ಡಾಲರ್. ನಮ್ಮಂಥ ವರ್ಕ್‌ಶಾಪಿಗೆ ಇದು ದೊಡ್ಡ ದುಡ್ಡೇ, ಮನೆಯಲ್ಲಿ ಕೂತು ಎರಡು ಸಲ ಲೆಕ್ಕ ಹಾಕಿದ್ದೇನೆ. ಗುಜರಿಗೆ ಹೋಗುತ್ತಿದ್ದ ಪ್ಲೇಟ್, ಹಾಸನಕ್ಕೆ ಎರಡೆರಡು ಸಲ ಹೋಗುತ್ತಿದ್ದ ಡೀಸೆಲ್, ಸೀಸನ್ನಿನಲ್ಲಿ ಕೈ ತಪ್ಪುತ್ತಿದ್ದ ದಿನಗಳು, ಇವನ್ನೆಲ್ಲ ಕೂಡಿ ನೋಡಿ ಕಟ್ಟಿದೆ. ಕೆಲಸ ಕಡಿಮೆ ಇರುವವರು ಅವಸರ ಮಾಡಬೇಡಿ.

ಈ ಸೀಸನ್ ಮುಗಿದ ಮೇಲೆ ಆಲ್ದೂರಿನ ಅದೇ ಪಲ್ಪರ್ ಪೂರ್ತಿ ಬಿಚ್ಚೋದಿದೆ. ಡ್ರಮ್, ಬ್ರೆಸ್ಟ್ ಪ್ಲೇಟ್, ಫ್ರೇಮ್, ಒಂದೊಂದನ್ನೂ ಅಳೆದು ಪೂರ್ತಿ ಅಸೆಂಬ್ಲಿ ಮಾಡಿಡಬೇಕು ಅಂತಿದ್ದೇವೆ. ರೈಟರ್‌ಗೆ ಈಗಾಗಲೇ ಲಿಂಕ್ ಕಳಿಸಿದ್ದೇನೆ. ಅವರ ಫೋನಿನಲ್ಲಿ ಸದ್ಯಕ್ಕೆ ಒಂದು ಬ್ರಾಕೆಟ್ ಮತ್ತು ಒಂದು ಪುಲ್ಲಿ ಕಾಣುತ್ತಿದೆ.