ಹಲಗೆ ಲೆಕ್ಕ: ಎಪ್ಪತ್ತು ದಾಟಿದ ಮೇಲೆ ಕಾಲು, ಬಚ್ಚಲು ಎರಡನ್ನೂ ರಿಪೇರಿ ಮಾಡಿದ್ದು

ಸ್ಟೂಲಿನ ಮೇಲೆ ಹಲಗೆ ಪೇರಿಸಿ, ಕೂತು ಏಳುತ್ತಾ, ಒಂದೊಂದೇ ಹಲಗೆ ತೆಗೆದು ಕಾಲಿಗೆ ಬಲ ತರುವುದು ನನ್ನ ಹಲಗೆ ಲೆಕ್ಕ. ಅದನ್ನು ಕೇಳಿ ನಕ್ಕವರೇ ಈಗ ಫೋನ್ ಮಾಡಿ ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ 73. ಶರಾವತಿ ಪವರ್ ಹೌಸ್‌ನಲ್ಲಿ ಫಿಟ್ಟರ್ ಆಗಿ ಸೇರಿ ಫೋರ್‌ಮನ್ ಆಗಿ ರಿಟೈರ್ ಆದವನು. ಈಗ ಸಾಗರದ ಹತ್ತಿರ ಹಳ್ಳಿ ಮನೆ, ಸ್ವಲ್ಪ ಅಡಿಕೆ ತೋಟ, ಮನೆಯಲ್ಲಿ ನಾವಿಬ್ಬರೇ. ಮಗ ಬೆಂಗಳೂರಲ್ಲಿ. "ಅಪ್ಪಯ್ಯ, ಬಿದ್ದರೆ ಎತ್ತೋದಕ್ಕೆ ಯಾರಿದ್ದಾರೆ? ಇಲ್ಲಿಗೇ ಬಂದುಬಿಡಿ" ಅನ್ನುವುದು ಅವನ ಹಾಡು. ಬೀಳದೇ ಇದ್ದರೆ ಎತ್ತುವ ಪ್ರಶ್ನೆಯೇ ಇಲ್ಲ ಅಲ್ವಾ ಎಂಬುದು ನನ್ನ ವಾದ. ವಾದ ಗೆಲ್ಲುವುದಕ್ಕೆ ಎರಡು ವರ್ಷದ ಹತ್ತಿರ ಹಿಡಿಯಿತು.

ನಮ್ಮ ವಯಸ್ಸಿನವರೆಲ್ಲ ಮಾಡುವುದು ವಾಕಿಂಗ್. ನಾನೂ ದಿನಾ ನಾಲ್ಕು ಕಿಲೋಮೀಟರ್ ನಡೆಯುತ್ತಿದ್ದೆ. ಆದರೆ ಪಂಕ್ತಿಯಲ್ಲಿ ಕೂತರೆ ಏಳಲು ಪಕ್ಕದವರ ಹೆಗಲು ಬೇಕಾಗುತ್ತಿತ್ತು. ವಾಕಿಂಗ್ ಹೃದಯಕ್ಕೆ, ಸಕ್ಕರೆಗೆ ಒಳ್ಳೆಯದು, ಬೇಡ ಅನ್ನುವುದಿಲ್ಲ. ಆದರೆ ಸಮ ರಸ್ತೆಯಲ್ಲಿ ಎಷ್ಟು ನಡೆದರೂ ತೊಡೆಗೆ ಅಷ್ಟು ಭಾರ ಬೀಳುವುದಿಲ್ಲ. ಒಂದು ದಿನ ಕೈಕಟ್ಟಿಕೊಂಡು ಕುರ್ಚಿಯಲ್ಲಿ ಅರ್ಧ ನಿಮಿಷ ಎದ್ದು ಕೂತು ಲೆಕ್ಕ ಹಾಕಿದೆ. ಏಳೋ ಎಂಟೋ ಬಂತು. 70ರಿಂದ 74ರ ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲು ಸೋತಿದೆ ಎಂದೇ ಅರ್ಥ. ಹೆಂಗಸರಿಗೆ 10. ನೀವೂ ಈಗಲೇ ನೋಡಿಕೊಳ್ಳಿ, ಕುರ್ಚಿ ಗೋಡೆಗೆ ಒತ್ತಿಟ್ಟು.

ಮೊದಲು ಫಿಸಿಯೋ ಹತ್ತಿರ ಹೋದೆ. ಸಲಕ್ಕೆ ನಾನೂರು, ಆಟೋ ಬೇರೆ. ಒಳ್ಳೆಯ ಹುಡುಗನೇ, ಆದರೆ ಒಂದೂವರೆ ತಿಂಗಳು ಅದೇ ರಬ್ಬರ್ ಪಟ್ಟಿ ಎಳೆಸಿದ. ಭಾರ ಏರಿಸಿದರೆ ತಾನೇ ಬಲ ಬರುವುದು? ಆಮೇಲೆ ಮಗ ಕಾಲಿಗೆ ಕಟ್ಟುವ ತೂಕ ಕಳಿಸಿದ, ಎಂಟುನೂರು ಇರಬೇಕು. ಅದರ ವೆಲ್ಕ್ರೋ ಒಂದು ಮಳೆಗಾಲಕ್ಕೇ ಬೂಸ್ಟು ಹಿಡಿದು ಬಿಟ್ಟುಕೊಂಡಿತು. ಹಳೇ ಜೀನ್ಸ್ ಕಾಲಿನಲ್ಲಿ ತೊಳೆದ ಮರಳು ತುಂಬಿಸಿ ಹೊಲಿಸಿದೆ. ಇವತ್ತಿಗೂ ಅದೇ ನಡೆಯುತ್ತಿದೆ, ಖರ್ಚು ದಾರದ್ದು ಮಾತ್ರ.

ಈಗ ಹಲಗೆ ಲೆಕ್ಕ. ಎಂಟು ಇಂಚು ಎತ್ತರದ ಗಟ್ಟಿ ಮರದ ಸ್ಟೂಲು. ಅದರ ಮೇಲೆ ಮುಕ್ಕಾಲು ಇಂಚಿನ ಹಲಗೆಗಳು, ಹದಿನಾರು. ಎಲ್ಲದಕ್ಕೂ ಒಂದೇ ಜಾಗದಲ್ಲಿ ಎರಡು ತೂತು ಹೊಡೆದು, ಸ್ಟೂಲಿಗೆ ಕೂರಿಸಿದ ಎರಡು ರಾಡಿಗೆ ಪೋಣಿಸಿದೆ. ಇಲ್ಲದಿದ್ದರೆ ಹಲಗೆ ಜಾರುತ್ತದೆ, ನಿಮ್ಮನ್ನೂ ಕರೆದುಕೊಂಡು ಹೋಗುತ್ತದೆ. ರಾಡಿನ ತುದಿ ಮೇಲಿನ ಹಲಗೆಯಿಂದ ಆಚೆ ಬರಬಾರದು, ಹಲಗೆ ತೆಗೆದ ಹಾಗೆ ರಾಡೂ ಗಿಡ್ಡ ಮಾಡಬೇಕು. ನಾನು ಮೂರು ಅಳತೆಯ ರಾಡು ಇಟ್ಟುಕೊಂಡಿದ್ದೆ. ಒಟ್ಟು ಎತ್ತರ ಇಪ್ಪತ್ತು ಇಂಚು. ಅಲ್ಲಿಂದ ಶುರು. ಹತ್ತತ್ತರಂತೆ ಮೂರು ಸರ್ತಿ ಕೂತು ಏಳುವುದು, ಕೈ ಊರದೆ, ದಿನ ಬಿಟ್ಟು ದಿನ. ಮರುದಿನ ಮಂಡಿ ನೋಯದಿದ್ದರೆ, ಎರಡು ವಾರ ಹಾಗೇ ನಡೆದರೆ, ಒಂದು ಹಲಗೆ ತೆಗೆಯುವುದು. ಅಷ್ಟೇ ವಿದ್ಯೆ. ಕೂರುವಾಗ ಧೊಪ್ ಅಂತ ಬೀಳಬಾರದು, ಮೂರು ಎಣಿಸುತ್ತಾ ಇಳಿಯಬೇಕು. ನನ್ನ ಪ್ರಕಾರ ಅರ್ಧ ಬಲ ಬರುವುದೇ ಇಳಿಯುವಾಗ.

ನೋಡಲು ಬಂದವರೆಲ್ಲ ಒಂದೊಂದು ಮಾತು ಆಡಿದರು. ಪಕ್ಕದ ಮನೆಯವರು "ಏನು ಭಾವ, ಮನೆಯಲ್ಲೇ ಪವರ್ ಹೌಸ್ ಕಟ್ತಾ ಇದ್ದೀರಾ?" ಅಂದರು. ಮಂಡಿ ಸವೆದುಹೋಗುತ್ತದೆ ಎಂದು ಹೆದರಿಸಿದವರೇ ಜಾಸ್ತಿ. ಹನ್ನೆರಡು ಹದಿಮೂರು ಇಂಚಿಗೆ ಬಂದಾಗ ನಿಜವಾಗಿಯೂ ಸಿಕ್ಕಿಕೊಂಡೆ. ಒಂದು ಇಡೀ ಮಳೆಗಾಲ ಹಲಗೆ ಕದಲಲಿಲ್ಲ. ಹಿಮ್ಮಡಿ ಹಿಂದಕ್ಕೆ ತಂದು, ಮೂಗು ಕಾಲ್ಬೆರಳಿನ ಆಚೆ ಹೋಗುವಷ್ಟು ಬಗ್ಗಿದಾಗ ಸ್ವಲ್ಪ ಸಲೀಸಾಯಿತು. ಪೂರ್ತಿ ಬಿಡಿಸಿದ್ದು ಮಾತ್ರ ಪಾದ ಇಡುವ ರೀತಿಯ ಒಂದು ಸಣ್ಣ ಬದಲಾವಣೆ. ಅದನ್ನು ಬರೆದರೆ ತಪ್ಪಾಗಿ ಮಾಡುತ್ತೀರಿ. ಮನೆಗೆ ಬಂದರೆ ತೋರಿಸುತ್ತೇನೆ, ಕಾಫಿಯೂ ಉಂಟು.

ಒಂದೂವರೆ ವರ್ಷದಲ್ಲಿ ಬರೀ ಸ್ಟೂಲಿಗೆ ಬಂದೆ. ಈಗ ಮಣೆಯಿಂದ ಒಂದು ಕೈ ಊರಿ ಏಳುತ್ತೇನೆ. ಅರ್ಧ ನಿಮಿಷದ ಲೆಕ್ಕ ಹದಿನಾಲ್ಕು ಹದಿನೈದು ಬರುತ್ತದೆ. ಹೋದ ಬೇಸಿಗೆಯ ಒಂದು ಉಪನಯನದಲ್ಲಿ ಅವತ್ತು ನಕ್ಕಿದ್ದ ಪಕ್ಕದ ಮನೆಯವರ ಜೊತೆಗೇ ಪಂಕ್ತಿಯಲ್ಲಿ ಕೂತಿದ್ದೆ. ಅವರಿಗಿಂತ ಮೊದಲು ಎದ್ದು ಕೈಕೊಟ್ಟು ಎಬ್ಬಿಸಿದೆ. ಇದನ್ನು ಹೇಳಿಕೊಳ್ಳದಿದ್ದರೆ ಬರೆದೇ ದಂಡ. ಮಂಡಿ ಅಥವಾ ಸೊಂಟದ ಕೀಲು ಬದಲಾಯಿಸಿಕೊಂಡವರು ಮಾತ್ರ ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.

ನನ್ನ ಹೆಂಡತಿಗೆ ಮಂಡಿ ಸವೆತ ಇದೆ. ಅವಳು ಹದಿನಾರು ಇಂಚಿಗೆ ನಿಲ್ಲಿಸಿದಳು, ಅದೇ ಸರಿ. ಅವಳಿಗೆ ಬೇರೆ ಪಾಠ: ಬಿದ್ದರೆ ಏಳುವುದು. ಜಗಲಿಯಲ್ಲಿ ಹಾಸಿಗೆ ಹಾಸಿ ಇಬ್ಬರೂ ಮಲಗಿ ಅಭ್ಯಾಸ ಮಾಡಿದೆವು. ಬಿದ್ದ ಕೂಡಲೇ ಏಳಲು ಹೋಗಬಾರದು. ಎಲ್ಲಿ ನೋವಿದೆ ನೋಡಿಕೊಂಡು, ಮಗ್ಗುಲಾಗಿ, ಕೈ ಮಂಡಿ ಊರಿ, ಅಂಬೆಗಾಲಲ್ಲಿ ಕುರ್ಚಿ ತನಕ ಹೋಗಿ, ಎರಡೂ ಕೈ ಅದರ ಮೇಲಿಟ್ಟು, ಗಟ್ಟಿ ಇರುವ ಕಾಲು ಮುಂದಿಟ್ಟು ಏಳುವುದು. ಸೊಂಟ ಅಲ್ಲಾಡಿಸಲಾಗದಷ್ಟು ನೋವಿದ್ದರೆ ಹಾಗೇ ಮಲಗಿ ಕೂಗುವುದು. ಹಾಲು ತಗೊಂಡು ಹೋಗಲು ಬಂದ ಹುಡುಗ ನಾವಿಬ್ಬರೂ ಅಂಬೆಗಾಲಲ್ಲಿ ಇರುವುದನ್ನು ನೋಡಿ ಊರೆಲ್ಲ ಹೇಳಿದ. ಹೇಳಲಿ ಬಿಡಿ.

ಬಚ್ಚಲಿನ ಕಥೆಯಲ್ಲಿ ದುಡ್ಡು ಜಾಸ್ತಿ ಹೋಯಿತು. ಮೊದಲು ಬಂದದ್ದು ಗಾಳಿ ಹಿಡಿತದ ಹ್ಯಾಂಡಲ್, ಗೋಡೆಗೆ ಒತ್ತಿದರೆ ಅಂಟಿಕೊಳ್ಳುವಂಥದ್ದು. ಏಳುನೂರು ಚಿಲ್ಲರೆ. ಹಂಡೆಯ ಹಬೆಗೆ ರಾತ್ರಿ ತಾನಾಗಿಯೇ ಕಳಚಿ ಬಿತ್ತು. ನಾವು ಹಿಡಿದಿದ್ದಾಗ ಕಳಚದಿದ್ದದ್ದು ಪುಣ್ಯ. ಇಂಥದ್ದನ್ನು ಯಾರೂ ತರಿಸಬೇಡಿ. ಆಮೇಲೆ ಪ್ಲಂಬರ್ ಬಂದು ಆಂಕರ್ ಫಾಸ್ಟ್ನರ್, ಅಂದರೆ ತೂತಿನೊಳಗೆ ಹಿಗ್ಗಿ ಹಿಡಿಯುವ ಬೋಲ್ಟು, ಹೊಡೆದು ಹಿಡಿದುಕೊಳ್ಳುವ ಸ್ಟೀಲ್ ಬಾರ್ ಹಾಕಿದ. ಬಾರು, ಕೂಲಿ ಸೇರಿ ಎರಡು ಸಾವಿರ. ನಮ್ಮದು ಜಂಬಿಟ್ಟಿಗೆ ಗೋಡೆ. ಅದರ ಒಳಗೆ ತೂತು ತೂತು, ಮೆತ್ತಗೆ. ಆಂಕರ್ ಬಿಗಿ ಮಾಡಿದಷ್ಟೂ ಕಲ್ಲು ಪುಡಿಯಾಗಿ ಉದುರುತ್ತದೆ. ಎರಡು ತಿಂಗಳಿಗೆ ಬಾರು ಆಡಲು ಶುರುವಾಯಿತು. "ಗಾರೆ ತುಂಬೋಣ ಸಾರ್" ಅಂದ. ಬೇಡಪ್ಪ ಎಂದು ಕಳಿಸಿದೆ.

ನಾನು ಮಾಡಿದ್ದು ಆರುಪಾರು. ಬಚ್ಚಲಿನ ಗೋಡೆಯ ಆಚೆ ಹಿತ್ತಲು. 12 ಎಂಎಂ ಸ್ಟೀಲ್ ಥ್ರೆಡ್ ರಾಡು ಗೋಡೆಯಿಂದ ಆಚೆಗೆ ದಾಟಿಸಿ, ಹೊರಗಡೆ ಅಂಗೈ ಅಗಲದ ಪ್ಲೇಟು, ವಾಷರು, ಡಬಲ್ ನಟ್ಟು. ತೂತು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ, ಮಳೆ ನೀರು ಒಳಗೆ ಬರುವುದಿಲ್ಲ. ಪೈಪು 304 ದರ್ಜೆಯ ಸ್ಟೀಲು, ಶಿವಮೊಗ್ಗದಿಂದ. ಅಂಗಡಿಯವರು ಆಯಸ್ಕಾಂತ ಇಟ್ಟು "ನೋಡಿ, ಅಂಟಲ್ಲ, 304ನೇ" ಅನ್ನುತ್ತಾರೆ. ನಂಬಬೇಡಿ. ಅಗ್ಗದ 202 ದರ್ಜೆಗೂ ಆಯಸ್ಕಾಂತ ಅಂಟುವುದಿಲ್ಲ, ಆದರೆ ಆ ಸ್ಟೀಲು ಬಚ್ಚಲಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಬಿಲ್ಲಿನಲ್ಲಿ 304 ಎಂದು ಬರೆಸಿಕೊಳ್ಳಿ. ಎಲ್ಲಾ ಸೇರಿ ಮೂರೂ ಬಾರ್‌ಗಳಿಗೆ ಮೂರೂವರೆ ಸಾವಿರದ ಒಳಗೆ ಆಯಿತು. ವೆಲ್ಡಿಂಗ್ ನನ್ನದೇ. ನಾಲ್ಕು ಅಕ್ಕಿ ಮೂಟೆ, ಅಂದರೆ ನೂರು ಕಿಲೋ, ಹಗ್ಗದಲ್ಲಿ ಒಂದು ರಾತ್ರಿ ನೇತುಹಾಕಿದೆ. ಕೂದಲೆಳೆಯಷ್ಟೂ ಕದಲಲಿಲ್ಲ. ಫ್ಲಾಟಿನಲ್ಲಿರುವವರಿಗೆ ಆರುಪಾರು ಆಗುವುದಿಲ್ಲ. ಕಾಂಕ್ರೀಟ್ ಗೋಡೆಯಾದರೆ ಮಾಮೂಲಿ ಆಂಕರ್ ಸಾಕು, ಟೊಳ್ಳು ಬ್ಲಾಕ್ ಆದರೆ ಜಾಲರಿ ಕೊಳವೆ ಹಾಕಿ ಕೆಮಿಕಲ್ ಆಂಕರ್, ಅಂದರೆ ಅಂಟು ತುಂಬಿ ಕೂರಿಸುವ ಬೋಲ್ಟು.

ಬಾರು ಹಾಕುವ ಜಾಗವನ್ನು ಪುಸ್ತಕ ನೋಡಿ ಗುರುತು ಮಾಡಬೇಡಿ. ಹೆಂಡತಿಯ ಅಂಗೈಗೆ ಸೀಮೆಸುಣ್ಣ ಹಚ್ಚಿ, ಮೂರು ದಿನ ಬಚ್ಚಲಿಗೆ ಹೋಗಿ ಬಂದು ಮಾಡು ಅಂದೆ. ಬೈದುಕೊಂಡೇ ಮಾಡಿದಳು. ಗೋಡೆಯ ಮೇಲೆ ಎಲ್ಲೆಲ್ಲಿ ಗುರುತು ಬಿತ್ತೋ ಅಲ್ಲಿಗೇ ಬಾರು. ಒಂದು ಬಾಗಿಲ ಪಕ್ಕ ನೆಟ್ಟಗೆ, ಒಂದು ಹಂಡೆ ಹತ್ತಿರ ಓರೆಯಾಗಿ, ಇನ್ನೊಂದು ಕಮೋಡಿನ ಪಕ್ಕ. ಎಣ್ಣೆ ಕೈಗೆ ನುಣುಪು ಸ್ಟೀಲು ಜಾರುತ್ತದೆ. ನೂಲಿನ ಹಗ್ಗ ಸುತ್ತಿದೆ, ಬೂಸ್ಟು ಬಂತು. ಸೈಕಲ್ ಟ್ಯೂಬು ಸುತ್ತಿದೆ, ಕೈ ಕಪ್ಪಾಯಿತು. ಈಗ ಸುತ್ತಿರುವುದು ಏನೆಂದು ಹೇಳುವುದಿಲ್ಲ. ಸಾಗರದ ಪೇಟೆಯಲ್ಲಿ ಅರವತ್ತು ರೂಪಾಯಿಗೆ ಸಿಗುತ್ತದೆ, ಹುಡುಕಿಕೊಳ್ಳಿ.

ನೆಲಕ್ಕೆ ಟೈಲ್ಸ್ ಹಾಕಿಸಿ ಎಂದು ಮಗನ ಒತ್ತಾಯ. ಅಂಗಡಿಗೆ ಹೋಗಿ ಜಾರದ ಟೈಲ್ಸ್ ತೋರಿಸಿ ಅಂದೆ. ಒಣ ಟೈಲ್ಸ್ ಮೇಲೆ ಕೈ ಉಜ್ಜಿ ತೋರಿಸಿದರು. ನಾನು ಜೇಬಿನಲ್ಲಿ ಕೊಬ್ಬರಿ ಎಣ್ಣೆ, ಸೀಗೆಪುಡಿ ತಗೊಂಡು ಹೋಗಿದ್ದೆ. ನೀರು ಸೇರಿಸಿ ಹಾಕಿ ಹಿಮ್ಮಡಿಯಿಂದ ಒತ್ತಿ ನೋಡಿದರೆ ಐದರಲ್ಲಿ ನಾಲ್ಕು ಜಾರಿದವು. ಅಂಗಡಿಯವರಿಗೆ ಸಿಟ್ಟು ಬಂತು, ಬರಲಿ. ಅಭ್ಯಂಜನದ ದಿನ ನಮ್ಮ ಬಚ್ಚಲಿನಲ್ಲಿ ಇರುವುದು ಅದೇ ತಾನೇ? ಕಡೆಗೆ ಟೈಲ್ಸೇ ಬೇಡ ಎಂದು ಹಳೇ ಹಾಸುಗಲ್ಲನ್ನೇ ಉಳಿಸಿಕೊಂಡೆ. ಒರಳುಕಲ್ಲಿಗೆ ಉಳಿ ಹೊಡೆಸುವ ಹಾಗೆ ಪೂರ್ತಿ ಒರಟು ಮಾಡಿಸಿದೆ. ಒಬ್ಬರ ಒಂದು ದಿನದ ಕೂಲಿ. ಎಣ್ಣೆ ಸ್ನಾನ ಆದ ಕೂಡಲೇ ಕಡಲೆಹಿಟ್ಟು ಹಾಕಿ ಪೊರಕೆಯಲ್ಲಿ ಉಜ್ಜುವುದು ನನ್ನ ಕೆಲಸ.

ಇನ್ನು ಅಂಗಳ. ಮಳೆಗಾಲದ ಪಾಚಿ ಗೊತ್ತಲ್ಲ. ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಹಾಕಿ ನಡೆಯುವುದು ನಮ್ಮ ಕಡೆ ಮಾಮೂಲು, ಆದರೆ ದಬ್ಬೆಯೂ ಹಳತಾದರೆ ಪಾಚಿ ಕಟ್ಟುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ್ದು) ಒಂದು ಡ್ರಮ್ಮು ಇತ್ತು. ಮೈಲುತುತ್ತ ಪಾಚಿಯನ್ನೂ ಸಾಯಿಸುತ್ತದಲ್ಲ ಎಂದು ಅಂಗಳದ ಕಲ್ಲಿಗೆ ಹೊಡೆದೆ. ಪಾಚಿ ಹೋಯಿತು, ಅಂಗಳ ನೀಲಿಯಾಯಿತು. ತುಳಸಿಕಟ್ಟೆಯೂ ನೀಲಿ. ಅದರ ಬಗ್ಗೆ ಮನೆಯಲ್ಲಿ ಏನೇನು ಕೇಳಿದೆ ಎಂಬುದು ಬೇಡ. ಈಗ ಹದಿನೈದು ದಿನಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ಗಡುಸು ಪೊರಕೆ. ಬ್ಲೀಚಿಂಗ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಸೇರಿಸಬೇಡಿ, ಏಳುವ ಗಾಳಿ ವಿಷ.

ಮಗ ಬಿದ್ದರೆ ತಿಳಿಸುವ ಗಡಿಯಾರ ಕಳಿಸಿದ. ಬೆಲೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೌದೆ ಒಡೆದರೆ "ಬಿದ್ದಿರಾ?" ಅನ್ನುತ್ತದೆ. ಭಜನೆಯಲ್ಲಿ ತಾಳ ಹಾಕಿದರೂ ಅನ್ನುತ್ತದೆ. ನಿಜವಾಗಿ ಬಿದ್ದರೆ ತಿಳಿಸಲು ಬಚ್ಚಲಿನಲ್ಲಿ ನೆಟ್‌ವರ್ಕ್ ಇಲ್ಲ. ಮೂವತ್ತು ರೂಪಾಯಿಯ ಎರಡು ಸೀಟಿ ತಂದು, ಒಂದು ಬಚ್ಚಲಿನಲ್ಲಿ, ಒಂದು ಮಂಚದ ಹತ್ತಿರ, ನೆಲದಿಂದ ಒಂದಡಿ ಮೇಲೆ ನೇತುಹಾಕಿದೆ. ಬಿದ್ದವರ ಕೈಗೆ ಸಿಗಬೇಕಲ್ಲ. ಪಕ್ಕದ ಮನೆಗೆ ಕೇಳುತ್ತದೆ, ನೋಡಿದ್ದೇನೆ. ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯುವ ಹಾಗೆ ಕೀಲು ಬದಲಿಸಿದೆ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಯಾರೂ ನುಗ್ಗಲಾಗುವುದಿಲ್ಲ. ಮನುಷ್ಯರು ಓಡಾಡಿದರೆ ಹತ್ತುವ ದೀಪ ನಾಲ್ಕು ಹಾಕಿದೆ, ಮುನ್ನೂರರ ಹತ್ತಿರ ಒಂದೊಂದು, ಚಾರ್ಜಿನದು. ಮಳೆಗಾಲದ ಕರೆಂಟು ಗೊತ್ತೇ ಇದೆ. ಮೊದಲು ರಾತ್ರಿಯಿಡೀ ಹತ್ತಿ ಆರುತ್ತಿತ್ತು, ಕಾರಣ ಬೆಕ್ಕು. ಸೊಂಟದೆತ್ತರಕ್ಕೆ ಏರಿಸಿ, ದೀಪದ ಸೆನ್ಸರ್ ಕಣ್ಣಿನ ಕೆಳಗೆ ಒಂದು ರಟ್ಟು ಅಂಟಿಸಿದ ಮೇಲೆ ಸರಿಹೋಯಿತು. 108, ಹಿರಿಯರ ಸಹಾಯವಾಣಿ 14567 ಎರಡನ್ನೂ ಗೋಡೆಗೆ ದಪ್ಪಕ್ಷರದಲ್ಲಿ ಬರೆದಿದೆ.

ರಾತ್ರಿ ಮೂತ್ರಕ್ಕೆ ಎದ್ದಾಗ ತಲೆ ಸುತ್ತುತ್ತಿತ್ತು. ವಯಸ್ಸು ಅಂದರು ಎಲ್ಲರೂ. ಮನೆಯ ಬಿಪಿ ಮಿಷನ್ನಿನಲ್ಲಿ ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ನೋಡಿ ಒಂದು ವಾರ ಬರೆದಿಟ್ಟೆ. ಮೇಲಿನ ಅಂಕಿ ಇಪ್ಪತ್ತಕ್ಕಿಂತ ಜಾಸ್ತಿ ಇಳಿಯುತ್ತಿತ್ತು. ಆ ಚೀಟಿ ನೋಡಿದ ಮೇಲೆ ಡಾಕ್ಟರು ಬಿಪಿಯದ್ದೂ ಪ್ರಾಸ್ಟೇಟಿನದ್ದೂ ಎರಡೂ ಮಾತ್ರೆಗಳ ಹೊತ್ತು, ಪ್ರಮಾಣ ಬದಲಿಸಿದರು. ಸುತ್ತು ನಿಂತಿತು. ನೀವಾಗಿ ಮಾತ್ರೆ ಬಿಡಬೇಡಿ, ಚೀಟಿ ತಗೊಂಡು ಹೋಗಿ.

ಊಟದ ವಿಷಯ ಚಿಕ್ಕದು. ಪ್ರೋಟೀನ್ ಡಬ್ಬ ಸಾವಿರದ ಮೇಲೆ, ಹೊಟ್ಟೆ ಕಟ್ಟಿತು, ಬಿಟ್ಟೆ. ನಮಗೆ ಕಿಲೋ ತೂಕಕ್ಕೆ ಒಂದು ಗ್ರಾಮಿನಷ್ಟಾದರೂ ಪ್ರೋಟೀನ್ ಬೇಕು, ಅನ್ನ ತಂಬುಳಿಯಲ್ಲಿ ಅಷ್ಟು ಬರುವುದಿಲ್ಲ. ಹುರುಳಿಯಲ್ಲಿ ನೂರು ಗ್ರಾಮಿಗೆ ಇಪ್ಪತ್ತರ ಮೇಲಿದೆ. ಕಟ್ಟು ಕುಡಿದು ಕಾಳು ಬಿಡುವವರು ಕಾಳನ್ನೇ ತಿನ್ನಿ. ಅದರ ಜೊತೆ ಹಾಲು, ಮೊಸರು, ಹೆಸರುಕಾಳು. ಕಿಡ್ನಿ ತೊಂದರೆ ಇದ್ದವರು ಕೇಳಿಕೊಂಡು ಮಾಡಿ.

ಒಟ್ಟು ಖರ್ಚು, ದಂಡವಾದದ್ದೂ ಸೇರಿ, ಹದಿನೈದು ಸಾವಿರ ದಾಟಿರಲಿಕ್ಕಿಲ್ಲ. ಮಗ ಈಗ ಬೆಂಗಳೂರಿನ ಮಾತು ತೆಗೆಯುವುದಿಲ್ಲ. ತನ್ನ ಮಾವನ ಮನೆಗೂ ಒಂದು ಹಲಗೆ ಸ್ಟೂಲು ಮಾಡಿಕೊಡಿ ಅಂದಿದ್ದಾನೆ. ಬಾಕಿ ಇರುವುದು ಹೊಸ್ತಿಲು. ಆರಿಂಚು ಎತ್ತರ, ಎಡವಲು ಹೇಳಿ ಮಾಡಿಸಿದ್ದು. ಕೆತ್ತಲು ಹೆಂಡತಿ ಬಿಡುವುದಿಲ್ಲ, ಅರಿಶಿನ ಕುಂಕುಮ ಇಡುವ ಜಾಗ. ಸದ್ಯಕ್ಕೆ ಎರಡೂ ಕಡೆ ಎರಡಿಂಚಿನ ಮರದ ಮೆಟ್ಟಿಲು ಕೊಟ್ಟು, ಬಾಗಿಲ ಚೌಕಟ್ಟಿಗೆ ಒಂದು ಬಾರು ಹಾಕಿದ್ದೇನೆ. ಮಳೆ ಮುಗಿದ ಮೇಲೆ ಇನ್ನೊಂದು ಉಪಾಯ ನೋಡಬೇಕು.